ಅಣಬೆಗೆ ಬೆರಳು ತೋರಿಸಬಾರದು

ಗುಡುಗಿದರೆ ಸಾಕು, ನಮ್ಮತ್ತೆ ಓಬಳಮ್ಮನ ಮೂಗು ಬೇರೆ ಲೋಕಕ್ಕೆ ಹೊರಟುಹೋಗುತ್ತಿತ್ತು. ಕೈಯಲ್ಲಿ ಹಾಲಿನ ಚೊಂಬಿರಲಿ, ಎದುರಿಗೆ ನೆಂಟರಿರಲಿ, ಮುಖ ಮೇಲೆತ್ತಿ ಗಾಳಿಯನ್ನು ಒಮ್ಮೆ ಒಳಗೆಳೆದುಕೊಳ್ಳುತ್ತಿದ್ದರು. ಆಮೇಲೆ ನಾವು ಏನು ಕೇಳಿದರೂ ಬರೀ ಹೂಂ. ಮಾರನೆಯ ಬೆಳಗ್ಗೆ ಮಾರಿಕುಪ್ಪಂ ಕಡೆಯಿಂದ ಮೊದಲ ರೈಲು ಕೂಗುವ ಹೊತ್ತಿಗೆ ಅವರ ಹಾಸಿಗೆ ಖಾಲಿ. ಸೆರಗಿನಲ್ಲಿ ಅಣಬೆ ಕಟ್ಟಿಕೊಂಡು, ಕಾಲೆಲ್ಲ ಕೆಸರು ಮಾಡಿಕೊಂಡು, ಮದುವೆ ಮನೆಯಿಂದ ಬಂದವರ ಹಾಗೆ ನಗುತ್ತಾ ಬರುತ್ತಿದ್ದರು. ಅಷ್ಟರಲ್ಲಿ ಹಸುಗಳು ಕೂಗಿ ಕೂಗಿ ಬೀದಿಯನ್ನೇ ಎಬ್ಬಿಸಿರುತ್ತಿದ್ದವು. ಹಾಲು ಕರೆದು ಡೈರಿಗೆ ಓಡುವ ಕೆಲಸ ಸೊಸೆಯಾದ ನನ್ನ ತಲೆಗೆ. ಸಿಟ್ಟು ಬರುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಆ ಸೆರಗು ಬಿಚ್ಚಿದ ಕೂಡಲೇ ಹಸಿ ಮಣ್ಣಿನ ವಾಸನೆ ಅಡುಗೆಮನೆ ತುಂಬಾ ಹರಡುತ್ತಿತ್ತು, ನನ್ನ ಸಿಟ್ಟು ಎಲ್ಲಿ ಹೋಯಿತೆಂದು ನನಗೇ ತಿಳಿಯುತ್ತಿರಲಿಲ್ಲ.

ಅಣಬೆಯ ವಿಷಯದಲ್ಲಿ ಅತ್ತೆಗೆ ಒಂದು ಕಟ್ಟುನಿಟ್ಟಿತ್ತು. ನೆಲದಲ್ಲಿರುವ ಅಣಬೆಗೆ ಬೆರಳು ತೋರಿಸಬಾರದು; ತೋರಿಸಿದರೆ ನಾಚಿಕೊಂಡು ಅಲ್ಲೇ ಕೊಳೆತುಹೋಗುತ್ತದೆ. ತೋರಿಸಲೇಬೇಕಾದರೆ ಬೆರಳು ಮಡಿಚಿ ಗೆಣ್ಣಿನಿಂದ ತೋರಿಸಬೇಕು. ನನ್ನ ಮಗಳು ನವ್ಯ ಮಾತು ಕಲಿಯುವ ಮೊದಲೇ ಇದನ್ನು ಕಲಿತಳು. ಬೆಕ್ಕನ್ನು, ಬಸ್ಸನ್ನು, ಚಂದಮಾಮನನ್ನು ಕೂಡ ಗೆಣ್ಣಿನಿಂದಲೇ ತೋರಿಸುತ್ತಿದ್ದಳು. ಮಗುವಿನ ಬೆರಳಿಗೆ ಏನಾಗಿದೆ ಎಂದು ಊರಿನವರು ಕೇಳಿದ್ದುಂಟು.

ನಮ್ಮೂರು ಬಂಗಾರಪೇಟೆಗೂ ಚಿನ್ನದ ಗಣಿಗೂ ನಡುವೆ ಇದೆ. ಹಿತ್ತಲಲ್ಲಿ ನಿಂತರೆ ದೂರದಲ್ಲಿ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ಗುಡ್ಡಗಳು ಬೂದಿ ಬಣ್ಣದಲ್ಲಿ ಮಲಗಿರುವುದು ಕಾಣುತ್ತದೆ. ಅತ್ತೆ ಹುಟ್ಟಿದ್ದೂ ಇಲ್ಲೇ, ಸೋದರಮಾವನನ್ನು ಕಟ್ಟಿಕೊಂಡು ಮೇಲಿನ ಬೀದಿಯಿಂದ ಕೆಳಗಿನ ಬೀದಿಗೆ ಬಂದದ್ದೂ ಇಲ್ಲೇ. ಅವರ ಅಪ್ಪ ಬಚ್ಚಪ್ಪ, ಹೊಲವಿದ್ದರೂ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಗಿಳಿದು ದುಡಿದವನು. ಹೊಲದ ಬದುವಿನಾಚೆ ಒಂದು ದೊಡ್ಡ ಹುತ್ತವಿತ್ತು. ಮಳೆಗಾಲದಲ್ಲಿ ಅದರ ಸುತ್ತ ಅಣಬೆ ಏಳುತ್ತಿತ್ತು. ಆ ಅಣಬೆಯ ಬೇರು ಉದ್ದ, ಎಳೆದಷ್ಟೂ ಬರುತ್ತದೆ, ಕೊನೆ ಮಾತ್ರ ಎಂದೂ ಸಿಗದೆ ಕಿತ್ತುಬರುತ್ತದೆ. ಬಚ್ಚಪ್ಪ ಮಗಳಿಗೆ ಹೇಳಿದ್ದನಂತೆ: "ಈ ಬೇರು ನಮ್ ಗಣಿ ಸೂರಿನ ಗಂಟ ಇಳಿದೈತೆ ಕಣೇ. ಕತ್ಲಲ್ಲಿ ಬೆಳ್ಳುಗೆ ನೇತಾಡ್ತಿರ್ತದೆ. ನೀನು ಮೇಲಿಂದ ಎಳಿ, ನಾನು ಕೆಳಗಿಂದ ಇಡ್ಕಂಡಿರ್ತೀನಿ."

ಮಗಳು ನಂಬಿದಳು. ಅಪ್ಪ ಕೆಳಗಿಳಿದ ದಿನಗಳಲ್ಲಿ ಹುತ್ತದ ಬಳಿ ಕೂತು ಅಣಬೆಯನ್ನು ಮೆಲ್ಲಗೆ ತಿರುಚಿ ಎಳೆಯುತ್ತಿದ್ದಳು. ಬೇರು ಬಿಗಿಯಾದರೆ ಅಪ್ಪ ಹಿಡಿದಿದ್ದಾನೆ, ಕಿತ್ತುಬಂದರೆ ಅಪ್ಪ ಬಿಟ್ಟುಕೊಟ್ಟ. ಬಚ್ಚಪ್ಪ ತೀರಿಕೊಂಡ, ಗಣಿಯೂ ಮುಚ್ಚಿತು; ಕೆಳಗೆಲ್ಲ ನೀರು ತುಂಬಿಕೊಂಡಿದೆ ಅನ್ನುತ್ತಾರೆ. ಅತ್ತೆಗೆ ಮೊಮ್ಮಗಳು ಬಂದರೂ ಎಳೆಯುವಾಗ ಕಣ್ಣು ಮುಚ್ಚಿಕೊಳ್ಳುವುದು ಹೋಗಲಿಲ್ಲ. ನಾನು ಛೇಡಿಸುತ್ತಿದ್ದೆ. "ಏನತ್ತೆ, ನಿಮ್ಮಪ್ಪ ಚೆನ್ನಾಗಿದ್ದಾರಾ?" ಅಂದರೆ, "ಚೆನ್ನಾಗವ್ನೆ, ನಿನ್ನ ಕೇಳ್ದ," ಅನ್ನುತ್ತಿದ್ದರು.

ಬೇರೇ ಅವರಿಗೆ ಗುರುತು. ಬೇರಿರುವುದು ನಮ್ಮದು, ಬೇರಿಲ್ಲದ್ದು ನಾಯಿಕೊಡೆ. ನನ್ನ ತವರಿನಲ್ಲಿ ಅಣಬೆ ಬೇಯುವಾಗ ಬೆಳ್ಳುಳ್ಳಿ ಹಾಕಿ, ಅದು ಕಪ್ಪಾದರೆ ವಿಷ ಎಂದು ನೋಡುತ್ತಿದ್ದರು. ಅದನ್ನು ಹೇಳಿದಾಗ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬೆಳ್ಳುಳ್ಳಿಗೇನು ಗೊತ್ತು ಪಾಪ, ಸುಲಿದ್ಮೇಲೆ ಅದಕ್ಕೂ ಬೇರಿಲ್ಲ."

ಗುರುತಿನ ಮೇಲೆ ಇನ್ನೊಂದು ಕಾವಲು ಬಚ್ಚಪ್ಪ ಬಿಟ್ಟುಹೋಗಿದ್ದ. ಗಣಿಯಲ್ಲಿ ಬಂಡೆ ಸಿಡಿಸಿದ ಮೇಲೆ ಎಲ್ಲರೂ ಒಟ್ಟಿಗೆ ನುಗ್ಗುವುದಿಲ್ಲವಂತೆ. ಅನುಭವಸ್ಥ ಒಬ್ಬ ಮುಂದೆ ಹೋಗಿ, ಕಬ್ಬಿಣದ ಸರಳಿನಿಂದ ಸೂರನ್ನು ತಟ್ಟಿ, ಸದ್ದು ಕೇಳಿ, ಗಟ್ಟಿಯಿದೆ ಅನಿಸಿದರೆ ಉಳಿದವರನ್ನು ಕರೆಯುತ್ತಿದ್ದ. ಅದನ್ನೇ ಅವನು ಅಡುಗೆಮನೆಗೆ ತಂದ. ಕಿತ್ತವರು ಮೊದಲು ಉಣ್ಣಬೇಕು. ಉಂಡು ಜಗಲಿ ಮೇಲೆ ಕೂರಬೇಕು. ದೀಪ ಹಚ್ಚುವ ಹೊತ್ತಿನವರೆಗೂ ಏನೂ ಆಗದಿದ್ದರೆ ಸೌಟಿನಿಂದ ಜಗಲಿಯ ಕಂಬವನ್ನು ತಟ್ಟಬೇಕು. ಆಮೇಲೇ ಮನೆಯವರ ಊಟ. ನಾನು ಈ ಮನೆಗೆ ಬಂದಾಗ ಇದೇನು ಹುಚ್ಚು ಅಂದುಕೊಂಡಿದ್ದೆ. ಈಗ ಆ ಕಂಬದಲ್ಲಿ ಸೌಟು ಬಡಿದೂ ಬಡಿದೂ ಒಂದು ಗುಳಿಯೇ ಬಿದ್ದಿದೆ.

ಹೋದ ವರ್ಷದ ಬೇಸಿಗೆಯಲ್ಲಿ ಬದುವಿನಾಚೆಯ ಜಮೀನು ಲೇಔಟ್ ಆಯಿತು. ಹುತ್ತಕ್ಕೆ ಅರಿಸಿನ ಕುಂಕುಮ ಹಾಕಿ, ಕಾಯಿ ಒಡೆದು, ಕೈ ಮುಗಿದು, ಜೆಸಿಬಿ ಬಿಟ್ಟರು. ಅತ್ತೆ ನೋಡಲು ಹೋಗಲಿಲ್ಲ. ನನ್ನ ಗಂಡ ಮುನೀಂದ್ರನಿಗೆ ತಾಯಿಯ ಮುಖ ನೋಡಲಾಗಲಿಲ್ಲ. ಟ್ರ್ಯಾಕ್ಟರ್ ತಗೊಂಡು ಹೋಗಿ ಆ ಹುತ್ತದ ಮಣ್ಣನ್ನೆಲ್ಲ ತುಂಬಿಕೊಂಡು ಬಂದು ನಮ್ಮ ಹಿತ್ತಲಲ್ಲಿ, ಗೊಬ್ಬರದ ತಿಪ್ಪೆಯ ಪಕ್ಕ, ಹರಡಿದ. "ಉತ್ತ ಇಲ್ಲೇ ಐತೆ ಬಿಡಮ್ಮ," ಅಂದ. ಅತ್ತೆ ಆ ಮಣ್ಣಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತಿದ್ದರು.

ಆ ಮಳೆಗಾಲದಲ್ಲಿ ಗುಡುಗಿದರೂ ಅತ್ತೆ ಮುಖ ಎತ್ತಲಿಲ್ಲ. ಹೊತ್ತಿಗೆ ಸರಿಯಾಗಿ ಹಾಲು ಕರೆದರು, ಡೈರಿಗೆ ಹೋದರು, ಬಂದರು. ನಾನು ಇಷ್ಟು ವರ್ಷ ಬೇಡಿಕೊಂಡದ್ದು ಅದನ್ನೇ. ಸಿಕ್ಕಿದ ಮೇಲೆ ಒಂದಿಷ್ಟೂ ಹಿಡಿಸಲಿಲ್ಲ.

ಉತ್ತರೆ ಮಳೆ ಹಿಡಿದಾಗ ಒಂದು ಬೆಳಗ್ಗೆ ಒಲೆಯ ಮುಂದೆ ಕೂತು ಕನಸು ಹೇಳಿದರು. ನೆಲದ ಕೆಳಗೆ ಬಚ್ಚಪ್ಪ ದೀಪದ ಟೋಪಿ ಹಾಕಿಕೊಂಡು ನಡೆಯುತ್ತಿದ್ದನಂತೆ. ಮೇಲೆ ಇವರು. ಅವನು ನಡೆದ ಕಡೆ ನೆಲ ಒಳಗಿನಿಂದ ಬೆಳಗುತ್ತಿತ್ತಂತೆ. ಬದು ದಾಟಿ, ಹುಣಸೆಮರ ದಾಟಿ, ಬೀದಿಯ ಕೆಳಗೇ ಬಂದು ನಮ್ಮ ಹಿತ್ತಲಲ್ಲಿ ನಿಂತು ಸೂರು ತಟ್ಟಿದನಂತೆ.

ನಾನು ಏನೋ ಅನ್ನುವಷ್ಟರಲ್ಲಿ ಹಿತ್ತಲಿನಿಂದ ನವ್ಯ ಓಡಿಬಂದಳು. ಕೈ ಮುಂದೆ ಚಾಚಿದ್ದಳು, ಬೆರಳು ಮಡಿಚಿದ್ದಳು. "ಅಜ್ಜಿ, ಬಂದೈತೆ."

ಹೋಗಿ ನೋಡಿದೆವು. ಮಂಜು ಇನ್ನೂ ಕರಗಿರಲಿಲ್ಲ. ಹುತ್ತದ ಮಣ್ಣಿನ ಮೇಲೆ ಅಂಗೈಯಗಲದ ಬಿಳಿ ಕೊಡೆಗಳು ದುಂಡಗೆ ನಿಂತಿದ್ದವು, ಯಾರೋ ಬಳೆಯಾಕಾರದಲ್ಲಿ ನೆಟ್ಟ ಹಾಗೆ. ಅತ್ತೆ ಮಂಡಿಯೂರಿ ಕೂತರು. ಅಷ್ಟು ತಿಂಗಳ ಮೇಲೆ ಅವರ ಮುಖದಲ್ಲಿ ಆ ನಗು ಬಂತು. "ನಮ್ಮಪ್ಪ ಬಂದವ್ನೆ ನೋಡು, ನನ್ನೇ ಉಡುಕ್ಕೊಂಡು," ಅಂದರು. ನನಗೂ ಕಣ್ಣು ತುಂಬಿತು.

ಆದರೆ ಅವರು ಕೈಯಿಂದ ತಿರುಚಿ ಎಳೆಯಲಿಲ್ಲ. ಒಳಗಿನಿಂದ ಕುಡುಗೋಲು ತರಿಸಿ ಬುಡಕ್ಕಿಂತ ಮೇಲೆಯೇ ಕೊಯ್ದರು.

"ಬೇರು ನೋಡಲ್ವಾ ಅತ್ತೆ?" ಅಂದೆ. "ಕಾಂಡದ ಮೇಲೆ ಉಂಗುರ ಥರ ಏನೋ ಇದೆ. ನಮ್ಮದಕ್ಕೆ ಹೀಗಿರಲಿಲ್ಲ."

"ಈಗ ತಾನೇ ಬೇರು ಇಳಿಸವ್ನೆ. ಒಸ ಜಾಗ. ಎಳೆದ್ರೆ ಕಿತ್ತೋಗಲ್ವಾ? ಮತ್ತೆ ಎಲ್ಲಿಗೋಗ್ತಾನೆ?"

ಹುತ್ತದ ಮಣ್ಣು ಅದೇ, ಗುಡುಗು ಅದೇ, ಕನಸು ಬೇರೆ ಬಿದ್ದಿದೆ. ಸಾರಿಗೆ ಮಸಾಲೆ ರುಬ್ಬಿದೆ.

ಅಣಬೆ ಬೇಯುವಾಗ ಅತ್ತೆ ನನ್ನ ಹಿಂದೆ ಬಂದು ನಿಂತರು. "ಒಂದು ಬೆಳ್ಳುಳ್ಳಿ ಎಸಳು ಆಕು," ಅಂದರು. ನಾನು ತಿರುಗಿ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ಬೆಳ್ಳುಳ್ಳಿ ಬೆಂದು ಬೆಳ್ಳಗೇ ಉಳಿಯಿತು.

ಭಾನುವಾರವಾದ್ದರಿಂದ ಎಲ್ಲರೂ ಮನೆಯಲ್ಲಿದ್ದೆವು. ಅತ್ತೆ ಮುದ್ದೆ ಮುರಿದು ಸಾರಿನಲ್ಲಿ ಉಂಡರು, ಕೈ ತೊಳೆದು, ಸೌಟು ಹಿಡಿದು ಜಗಲಿಗೆ ಹೋದರು. ಸಾರಿನ ಪಾತ್ರೆಯನ್ನು ಎಂದಿನಂತೆ ಅವರ ಪಕ್ಕದಲ್ಲಿಟ್ಟು ಮುಚ್ಚಿದೆ. ನವ್ಯ ತನ್ನ ತಟ್ಟೆ ತಂದು ಎದುರಿಗೆ ಕೂತಳು. ಅವಳಿಗೆ ಅಣಬೆ ಎಂದರೆ ಪ್ರಾಣ. ಬೇರೆ ಊಟ ಕೊಟ್ಟರೂ ಮುಟ್ಟಲಿಲ್ಲ. ಕಂಬ ತಟ್ಟುವವರೆಗೂ ಹೊಟ್ಟೆ ಖಾಲಿ ಇಟ್ಟುಕೊಳ್ಳುತ್ತೇನೆ ಅಂದಳು.

ಮಳೆ ನಿಂತು ಬಿಸಿಲು ಹಾಲಿನಂತೆ ಬೆಳ್ಳಗಿತ್ತು. ಸ್ವಲ್ಪ ಹೊತ್ತು ಅತ್ತೆ ಮೊಮ್ಮಗಳಿಗೆ ಗಣಿಯ ಕಥೆ ಹೇಳಿದರು. ಆಮೇಲೆ ಕಥೆ ನಡುನಡುವೆ ನಿಲ್ಲತೊಡಗಿತು. ಹಣೆಯ ಮೇಲೆ ಬೆವರು ಬಂತು. ನಾನು ಹತ್ತಿರ ಹೋಗಿ, "ಏನಾಗ್ತಿದೆ ಅತ್ತೆ?" ಅಂದೆ.

"ಏನೂ ಇಲ್ಲ. ಬೆಳಗ್ಗೆ ಬರೀ ಒಟ್ಟೇಲಿ ಮಂಜಲ್ಲಿ ಕೂತಿದ್ನಲ್ಲ, ಪಿತ್ತ." ಮಾತಾಡುವಾಗ ಹಲ್ಲು ಕಚ್ಚಿಕೊಂಡಿದ್ದರು. ಅವರ ಕಣ್ಣು ಸೈನೈಡ್ ಗುಡ್ಡದ ಮೇಲಿತ್ತು. ಆಮೇಲೆ ನನಗೆ ಹೇಳಿದರು, ಆಗ ಗುಡ್ಡ ನೀರಿನಲ್ಲಿ ತೇಲುತ್ತಿರುವ ಹಾಗೆ ಕಂಡಿತಂತೆ. ಹೊಟ್ಟೆಯೊಳಗೆ ಯಾರೋ ಹಗ್ಗ ತಿರುಚುತ್ತಿದ್ದರಂತೆ. ತಡೆದುಕೊಂಡರೆ ಹೋಗುತ್ತದೆ, ಅಪ್ಪ ಬಂದದ್ದು ನಿಜವಾಗುತ್ತದೆ ಅನಿಸಿತಂತೆ.

ಹೊಟ್ಟೆ ಹಸಿದು ನವ್ಯ ಅಳುಮೋರೆ ಮಾಡಿದಳು. ಮುನೀಂದ್ರ ಹೊರಗೆ ಬಂದ. "ಅಮ್ಮ, ಉಂಡು ಆಗ್ಲೇ ಇಷ್ಟೊತ್ತಾಯ್ತು. ಮಗು ಅಸ್ಕೊಂಡೈತೆ. ನಮ್ ಉತ್ತದ್ದೇ ತಾನೆ, ತಟ್ಟು ಓಗ್ಲಿ."

ಅತ್ತೆ ಸೌಟು ಎತ್ತಿದರು. ಕಂಬದ ಗುಳಿಯ ಹತ್ತಿರ ಅವರ ಕೈ ನಿಂತಿತು. ನವ್ಯ ತಟ್ಟೆಯನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದಳು. ಅತ್ತೆ ಅವಳ ಮುಖ ನೋಡಿದರು, ಮಗನ ಮುಖ ನೋಡಿದರು. ಆಮೇಲೆ ಸೌಟು ಬಿಸಾಡಿ, ಸಾರಿನ ಪಾತ್ರೆಯನ್ನು ಕಾಲಿನಿಂದ ಒದ್ದರು. ಸಾರೆಲ್ಲ ಜಗಲಿಯಿಂದ ಮೋರಿಗೆ ಹರಿಯಿತು.

"ಇದು ನಮ್ದಲ್ಲ ಕಣ್ಲಾ," ಅಂದರು. "ಅಪ್ಪ ಬಂದಿಲ್ಲ. ಉತ್ತ ಓಯ್ತು." ಅಷ್ಟು ಹೇಳಿ ಕಂಬ ಹಿಡಿದುಕೊಂಡು ಬಾಗಿ ವಾಂತಿ ಮಾಡತೊಡಗಿದರು. ನಿಲ್ಲಲೇ ಇಲ್ಲ.

ಚಾಂಪಿಯನ್ ರೀಫ್ಸ್‌ನ ಕುಪ್ಪುಸ್ವಾಮಿ ಆಟೋದಲ್ಲಿ ಹುಲ್ಲು ಇಳಿಸಲು ನಮ್ಮ ಬೀದಿಗೆ ಬಂದಿದ್ದ. ಹುಲ್ಲನ್ನು ಅಲ್ಲೇ ಕೆಡವಿ, ಚೆಲ್ಲಿದ ಸಾರು ನೋಡಿ, "ಕಾಳಾನ್, ಅಣಬೆ ತಿಂದ್ರಾ ಅಕ್ಕ? ಒಂದು ಕಿತ್ಕೊಂಡು ಬನ್ನಿ, ಡಾಕ್ಟ್ರು ಕೇಳ್ತಾರೆ," ಅಂದ. ಆ ಬುದ್ಧಿ ನಮಗೆ ಬಂದಿರಲಿಲ್ಲ. ನಾನು ಹಿತ್ತಲಿಗೆ ಓಡಿ ಉಳಿದಿದ್ದ ಒಂದನ್ನು ಹಿಡಿದೆಳೆದೆ. ಜಗ್ಗಲೂ ಬೇಕಾಗಲಿಲ್ಲ, ಸುಲಭವಾಗಿ ಕೈಗೆ ಬಂತು. ಬುಡ ಈರುಳ್ಳಿಯಂತೆ ಉಬ್ಬಿತ್ತು. ಬೇರಿರಲಿಲ್ಲ.

ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಯಲ್ಲಿ ಅತ್ತೆಗೆ ಗ್ಲೂಕೋಸ್ ಹಾಕಿ ಮಲಗಿಸಿದರು. ಡಾಕ್ಟರಮ್ಮ ಅಣಬೆಯನ್ನು ತಿರುಗಿಸಿ ಅದರ ಅಡಿಯ ಪದರಗಳನ್ನು ತೋರಿಸಿದರು. ಹಸಿರು ಛಾಯೆ ಇತ್ತು. ತಿಪ್ಪೆ, ಹುಲ್ಲು ಇರುವ ಕಡೆ ಏಳುವ ಜಾತಿ ಇರಬೇಕು, ಹುತ್ತಕ್ಕೂ ಇದಕ್ಕೂ ಸಂಬಂಧವಿಲ್ಲ, ದೊಡ್ಡವರನ್ನೇ ಹೀಗೆ ಹಿಂಡುತ್ತದೆ, ಮಗು ತಿಂದಿದ್ದರೆ ಕಷ್ಟವಾಗುತ್ತಿತ್ತು ಅಂದರು. ಬೆಳ್ಳುಳ್ಳಿ ಕಪ್ಪಾಗುವುದು, ಬಿಡುವುದು ಏನನ್ನೂ ಹೇಳುವುದಿಲ್ಲವಂತೆ.

ಅತ್ತೆ ಕಣ್ಣು ತೆರೆದರು. "ನಾವು ಮೊದ್ಲು ಒಬ್ರು ಉಂಡು, ದೀಪ ಅಚ್ಚೋ ಗಂಟ ಕಾಯ್ತೀವಮ್ಮ. ನಮ್ಮಪ್ಪ ಏಳ್ಕೊಟ್ಟಿದ್ದು."

ಡಾಕ್ಟರಮ್ಮ ಮಂಚದ ಅಂಚಿನಲ್ಲಿ ಕೂತರು. "ಇದು ಬೇಗ ತೋರಿಸಿಕೊಳ್ಳುವ ವಿಷ ಅಮ್ಮ, ಅದಕ್ಕೇ ಗೊತ್ತಾಯಿತು. ಇನ್ನೊಂದು ಥರದ್ದಿದೆ. ತಿಂದ ದಿನ ಏನೂ ಆಗುವುದಿಲ್ಲ. ನೀವು ದೀಪ ಹಚ್ಚಿ, ಎಲ್ಲರಿಗೂ ಬಡಿಸಿ, ಚೆನ್ನಾಗಿಯೇ ಮಲಗಿರುತ್ತೀರಿ. ಬೆಳಗಾಗುವಷ್ಟರಲ್ಲಿ ಶುರುವಾಗಿ, ಮತ್ತೆ ವಾಸಿಯಾದ ಹಾಗೂ ಆಗುತ್ತದೆ. ಅಷ್ಟರಲ್ಲಿ ಅದು ಲಿವರ್ ಮುಗಿಸಿರುತ್ತದೆ. ಅದಕ್ಕೆ ಎಷ್ಟು ಕಾದರೂ ಸಾಲದು."

ಅತ್ತೆ ಗೋಡೆಯ ಕಡೆ ತಿರುಗಿದರು. ವಿಷಕ್ಕಿಂತ ಆ ಮಾತು ಅವರನ್ನು ಹೆಚ್ಚು ಹಿಂಡಿತು ಎಂದು ನನಗೆ ಗೊತ್ತು. ಗಂಡನಿಗೆ, ಮಗನಿಗೆ, ನನಗೆ, ಬಸುರಿಯಾಗಿದ್ದಾಗ ಆಸೆಪಟ್ಟೆನೆಂದು ನನ್ನ ಹೊಟ್ಟೆಯಲ್ಲಿದ್ದ ನವ್ಯಳಿಗೆ, ಎಲ್ಲರಿಗೂ ಕಂಬ ತಟ್ಟಿ ಬಡಿಸಿದವರು. ಸೂರು ಗಟ್ಟಿಯಿದೆ ಎಂದು ಕರೆದವರು. ಗಟ್ಟಿಯಿತ್ತೋ, ಬೀಳದೆ ಉಳಿದಿತ್ತೋ, ಈಗ ಯಾರು ಹೇಳಬೇಕು? ನಾನು ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಮನೆಗೆ ಬಂದ ಮೇಲೆ ಬಹಳ ದಿನ ಅನ್ನದ ಗಂಜಿ ಬಿಟ್ಟು ಏನೂ ಸೇರಲಿಲ್ಲ. ಮೆಲ್ಲಗೆ ಹುಷಾರಾದರು. ಅಣಬೆಯ ಹೆಸರು ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಈ ವರ್ಷ ಉತ್ತರೆ ಮಳೆಯಲ್ಲಿ ಮತ್ತೆ ಗುಡುಗಿತು. ಬೆಳಗ್ಗೆ ನಾನು ಹಾಲು ಕರೆಯುತ್ತಿದ್ದೆ. ಹಿತ್ತಲ ಮಂಜಿನಲ್ಲಿ ಅತ್ತೆ, ನವ್ಯಳ ಕೈ ಹಿಡಿದು ನಿಂತಿದ್ದರು. ಅವರ ಮುಂದೆ ಅದೇ ಬಿಳಿ ಕೊಡೆಗಳು ದುಂಡಗೆ ಎದ್ದಿದ್ದವು, ನೋಡಲು ಎಷ್ಟು ಚೆಂದವೆಂದರೆ ನನಗೇ ಒಂದು ಕ್ಷಣ ಕೀಳಬೇಕೆನಿಸಿತು. ನವ್ಯ ಗೆಣ್ಣು ಮುಂದೆ ಮಾಡಿ, "ಅಲ್ಲೂ ಒಂದೈತೆ ಅಜ್ಜಿ," ಅಂದಳು.

ಅತ್ತೆ ಅವಳ ಪಕ್ಕ ಕೂತರು. ಮಡಿಚಿದ್ದ ಆ ಪುಟ್ಟ ಬೆರಳನ್ನು ತಮ್ಮ ಕೈಯಲ್ಲಿ ಹಿಡಿದು ಮೆಲ್ಲಗೆ ನೆಟ್ಟಗೆ ಮಾಡಿದರು.

"ತೋರ್ಸು," ಅಂದರು. "ಒಂದೊಂದ್ಕೂ ತೋರ್ಸು. ಕೊಳ್ತೋಗ್ಲಿ."

ನವ್ಯ ಹೆದರಿ ಅಜ್ಜಿಯ ಮುಖ ನೋಡಿದಳು. ಅತ್ತೆ ತಮ್ಮ ಬೆರಳನ್ನೂ ಚಾಚಿದರು. ಹುಟ್ಟಿದಾಗಿನಿಂದ ಅಣಬೆಯ ಕಡೆ ನೀಡದ ಬೆರಳು ಅದು. ಮೊದಲನೆಯದಕ್ಕೆ ತೋರಿಸಿದರು. ಆಮೇಲೆ ಮೊಮ್ಮಗಳೂ ತೋರಿಸಿದಳು.