ಬಿಳಿ ಗೆರೆ ಬಿಟ್ಟು ನಡೆದ ಅಕ್ಕ

ಕುರುಗೋಡಿನ ಬಸವೇಶ್ವರ ಗುಡಿಯ ಮೆಟ್ಟಿಲ ಮೇಲೆ ಕೂತು ಅಕ್ಕ ಚಪ್ಪಲಿ ಕಳಚಿದಳು. ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಚೀಲಕ್ಕೆ ತುರುಕಿದಳು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಹಿಂದಿನ ದಿನ ಬಳ್ಳಾರಿಯ ಪಾರ್ವತಿನಗರದ ಮನೆಯಿಂದ ಹೊರಡುವಾಗ, ಶ್ರೀಶೈಲ ಮುಟ್ಟುವ ತನಕ ಚಪ್ಪಲಿ ಬಿಡುವುದಿಲ್ಲ ಎಂದು ಅವಳು ನನಗೆ ಮಾತು ಕೊಟ್ಟಿದ್ದಳು. ಆ ಮಾತು ನಂಬಿಯೇ ನಾನು ಅವಳ ಜೊತೆ ಪಾದಯಾತ್ರೆಗೆ ಬಂದಿದ್ದೆ.

"ಇದೇನಕ್ಕಾ?" ಅಂದೆ.

"ಬಸವಣ್ಣನ ಮುಂದ ಬಿಚ್ಚೀನಿ. ಇನ್ನ ಹಾಕ್ಕೊಳ್ಳಂಗಿಲ್ಲ."

"ಡಾಕ್ಟರ್ ಏನ್ ಹೇಳ್ಯಾರ, ನೆನಪೈತೇನು? ಮನಿಯೊಳಗ ಸೈತ ಬರಿಗಾಲಿಲೆ ಅಡ್ಡಾಡಬ್ಯಾಡ ಅಂದಾರ."

"ಮಗಳ ಮನಿಗೆ ಹೋಗೋದು ಡಾಕ್ಟರಿಗೇನ್ ಗೊತ್ತೋ?"

ಶ್ರೀಶೈಲದ ಭ್ರಮರಾಂಬೆ ನಮ್ಮ ಕಡೆಯವರಿಗೆ ಮನೆಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ಮುಂಚೆ ಸೀರೆ, ಬಳೆ ಕಟ್ಟಿಕೊಂಡು ನಡೆದು ಹೋಗಿ ಅವಳ ಉಡಿ ತುಂಬಿ ಬರುವುದು ಎಷ್ಟೋ ಮನೆಗಳಲ್ಲಿ ನಡೆದುಕೊಂಡು ಬಂದಿದೆ. ಅಕ್ಕನಿಗೆ ಹುಟ್ಟಿದ್ದು ಇಬ್ಬರೂ ಗಂಡು. ಹೆಣ್ಣುಮಗುವಿನ ಆಸೆ ಅವಳಿಗೆ ಅರವತ್ತು ದಾಟಿದರೂ ಹೋಗಿಲ್ಲ. ತಾನೇ ಹತ್ತು ಅಂಗಡಿ ತಿರುಗಿ ಆರಿಸಿದ ಹಸಿರು ಸೀರೆಯನ್ನು ಗಂಟು ಕಟ್ಟಿ, ಒಬ್ಬರ ಕೈಗೂ ಕೊಡದೆ, ಕಂಕುಳಲ್ಲಿ ಇಟ್ಟುಕೊಂಡೇ ಬರುತ್ತಿದ್ದಳು.

ನಾನು ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಕಂಡವರ ಬೆರಳು ಚುಚ್ಚಿ ರಕ್ತ ತೆಗೆದವನು. ಅಕ್ಕನಿಗೆ ಸಕ್ಕರೆ ಕಾಯಿಲೆ ಇರುವುದನ್ನು ಮೊದಲು ಕಂಡುಹಿಡಿದವನೂ ನಾನೇ. ಹೋದ ವರ್ಷ ಅವಳ ಕಾಲಿನ ಕಿರುಬೆರಳಿಗೆ ಬಾಗಿಲು ತಾಗಿ ಆದ ಒಂದು ಗಾಯ ಮಾಯಲು ನಾಲ್ಕು ತಿಂಗಳು ಹಿಡಿದಿತ್ತು. ಇನ್ನೊಂದು ಗಾಯವಾದರೆ ಬೆರಳಲ್ಲ, ಪಾದವನ್ನೇ ತೆಗೆಯಬೇಕಾದೀತು ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅದನ್ನು ನಾನು ಅಕ್ಕನಿಗೂ ಹೇಳಿದ್ದೆ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆವತ್ತು ಜಗಳಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ನಾನು ಜಗಳ ಮಾಡಲಿಲ್ಲ, ಮುನಿಸಿಕೊಂಡೆ. ಬಿಸಿಲು ಏರಲಿ, ಟಾರು ಕಾಯಲಿ, ಅಂಗಾಲು ಚುರ್ ಅಂದಾಗ ತಾನೇ ಚಪ್ಪಲಿ ಕೇಳುತ್ತಾಳೆ ಅಂದುಕೊಂಡೆ. ಲ್ಯಾಬಿನಲ್ಲಿ ಕೂದಲು ಹಣ್ಣು ಮಾಡಿಕೊಂಡವನು ನಾನು, ಅಕ್ಕನ ಕಾಲಿಗೆ ಬುದ್ಧಿ ಹೇಳುವ ಕೆಲಸವನ್ನು ಬಿಸಿಲಿಗೆ ವಹಿಸಿ ಸುಮ್ಮನಾದೆ.

ನಮ್ಮದು ಇಪ್ಪತ್ತು ಜನರ ತಂಡ. ಮುಂದೆ ಬಾವುಟ ಹಿಡಿದು ನಡೆಯುತ್ತಿದ್ದವರು ರೂಪನಗುಡಿಯ ವಯಸ್ಸಾದ ರೈತರೊಬ್ಬರು. ಬಹಳ ವರ್ಷಗಳಿಂದ ನಡೆದವರು. ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು. ನನ್ನೊಬ್ಬನನ್ನು ಬಿಟ್ಟು ಎಲ್ಲರದೂ ಬರಿಗಾಲು. ನನ್ನ ಬೂಟುಗಳನ್ನು ಅವರು ನೋಡಿಯೂ ನೋಡದಂತೆ ಇದ್ದರು. ಬೆಳಗಿನ ತಂಪಿನಲ್ಲಿ ಕಾಲುವೆಯ ಪಕ್ಕ, ಭತ್ತದ ಗದ್ದೆಗಳ ನಡುವೆ ದಾರಿ ಸಾಗಿದ್ದೇ ತಿಳಿಯಲಿಲ್ಲ.

ಹನ್ನೊಂದರ ಹೊತ್ತಿಗೆ ಸಿರುಗುಪ್ಪದ ಹೆದ್ದಾರಿ ಸೇರಿದೆವು. ಅಲ್ಲಿಂದ ಮುಂದೆ ನೆರಳೆಂದರೆ ಜಾಲಿಯದ್ದೇ. ಬೇರೆ ಸೀಮೆಯವರು ಅದನ್ನು ಬಳ್ಳಾರಿ ಜಾಲಿ ಅನ್ನುತ್ತಾರೆ, ನಮಗೆ ಬರೀ ಜಾಲಿ. ಟಾರು ಕಾದಿತ್ತು. ಬರಿಗಾಲಿನವರೆಲ್ಲ ಒಬ್ಬೊಬ್ಬರಾಗಿ ರಸ್ತೆಯ ಅಂಚಿನ ಬಿಳಿ ಗೆರೆಯ ಮೇಲೆ ಸಾಲುಗಟ್ಟಿದರು. ಬಿಳಿ ಬಣ್ಣದ ಮೇಲೆ ಕಾಲು ಅಷ್ಟು ಸುಡುವುದಿಲ್ಲ, ನಡೆದವರಿಗೆಲ್ಲ ಗೊತ್ತಿರುವ ವಿಷಯ. ಲಾರಿ ಬಂದಾಗ ಗೆರೆ ಬಿಟ್ಟು ಸರಿಯುವವರು ಅಯ್ಯಯ್ಯೋ ಅನ್ನುತ್ತ ಕುಣಿಯುತ್ತಿದ್ದರು. ಕಾಕಾ ಕೂಡ ಕುಣಿದರು.

ಅಕ್ಕ ಗೆರೆಯ ಮೇಲೆ ಇರಲಿಲ್ಲ. ಕಪ್ಪು ಟಾರಿನ ಮೇಲೆ, ಗಂಟು ಹಿಡಿದು, ಸಂತೆಗೆ ಹೊರಟವಳಂತೆ ಆರಾಮಾಗಿ ಹೋಗುತ್ತಿದ್ದಳು.

"ನೋಡ್ರಿ, ಈ ತಾಯಿ ಕಾಲಾಗ ಮಲ್ಲಯ್ಯ ಅದಾನ," ಅಂದರು ಕಾಕಾ. ಹಿಂದಿದ್ದ ಹೆಂಗಸೊಬ್ಬಳು ಓಡಿ ಬಂದು ಅಕ್ಕನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಕ್ಕ ನನ್ನ ಕಡೆ ತಿರುಗಿ ನಕ್ಕಳು. ಭಾವ ತೀರಿಕೊಂಡ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಒಂದು ಗಳಿಗೆ ನನಗೂ ಸಂತೋಷವಾಯಿತು. ಅದನ್ನೂ ಮುಚ್ಚಿಡುವುದಿಲ್ಲ.

ಆಮೇಲೆ ಬಗ್ಗಿ ರಸ್ತೆಗೆ ಅಂಗೈ ಇಟ್ಟೆ. ಇಟ್ಟಷ್ಟೇ ಬೇಗ ತೆಗೆದೆ.

"ಅಕ್ಕಾ, ಸುಡಂಗಿಲ್ಲೇನು?"

"ಇಲ್ಲೋ ತಮ್ಮಾ. ಹುಲ್ಲಿನ ಮ್ಯಾಲ ನಡದಂಗ ಐತಿ."

ಸಕ್ಕರೆ ಕಾಯಿಲೆ ಹಳತಾದರೆ ಕಾಲಿನ ಸ್ಪರ್ಶ ಹೋಗುತ್ತದೆ, ಕೆಂಡ ತುಳಿದರೂ ಗೊತ್ತಾಗುವುದಿಲ್ಲ ಎಂಬುದು ನನಗೆ ಬಾಯಿಪಾಠ. ಎಷ್ಟೋ ಜನರಿಗೆ ಹೇಳಿ ಕಳಿಸಿದ್ದೆ. ಬೆಳಗಿನಿಂದ ಅವಳ ಹಿಂದೆಯೇ ನಡೆಯುತ್ತ ಅದೊಂದನ್ನೇ ಮರೆತಿದ್ದೆ. ಸುಟ್ಟರೆ ಚಪ್ಪಲಿ ಕೇಳುತ್ತಾಳೆ ಎಂದು ಕಾದಿದ್ದೆ, ಅವಳಿಗೆ ಸುಡುವುದೇ ಇಲ್ಲ.

"ನಿಲ್ಲು, ಕಾಲು ತೋರ್ಸು," ಅಂದೆ.

"ಹಾದ್ಯಾಗ ಕಾಲೆತ್ತಿ ತೋರಿಸಾಕ ನಾನೇನು ಎತ್ತೇನಲೇ? ಲಾಳ ಹೊಡೀತೀಯೇನು?" ಸುತ್ತಲಿನವರು ನಕ್ಕರು. ಅವಳು ನಡೆದೇ ಹೋದಳು.

ಚಪ್ಪಲಿ ತೆಗೆದು ಮುಂದೆ ಹಿಡಿದೆ, ದಾಟಿಕೊಂಡು ಹೋದಳು. ಕಾಕಾನ ಹತ್ತಿರ ಓಡಿ ಕಾಯಿಲೆಯ ವಿಷಯ ಬಿಡಿಸಿ ಹೇಳಿದೆ. ಅವರು ಕೇಳಿದರು, ತಲೆಯಾಡಿಸಿದರು, "ನಂಬಿದವರನ್ನ ಅವ ಕೈ ಬಿಡಂಗಿಲ್ಲರೀ" ಎಂದು ಬಾವುಟ ಎತ್ತಿದರು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬಸ್ಸು ಹಿಂದಿನಿಂದ ಬಂತು. ನಾನು ನಡುರಸ್ತೆಗೆ ಹೋಗಿ ಕೈ ಅಡ್ಡ ಹಿಡಿದೆ. ಬಸ್ಸು ನಿಂತಿತು. ಅಕ್ಕನ ರಟ್ಟೆ ಹಿಡಿದು ಎಳೆದೆ. ಅವಳು ಸೀರೆಯ ಗಂಟನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನೆಲ ಕಚ್ಚಿ ನಿಂತಳು.

"ಹತ್ತುದಿದ್ರ ಜಲ್ದಿ ಹತ್ರಿ, ಇಲ್ಲಾಂದ್ರ ಬಿಡ್ರಿ!" ಅಂದ ಕಂಡಕ್ಟರ್.

"ಹೋಗ್ರಿ, ಹೋಗ್ರಿ. ಇವನಿಗೆ ಬಿಸಲು ತಲಿಗೆ ಏರೈತಿ," ಅಂದಳು ಅಕ್ಕ. ಬಸ್ಸು ಹೋಯಿತು. ತಂಡದವರು ನನ್ನತ್ತ ನೋಡಿದ ನೋಟದಲ್ಲಿ ಬೂಟುಗಳ ಮೇಲಿನ ಸಿಟ್ಟೂ ಸೇರಿತ್ತು.

ಮಧ್ಯಾಹ್ನವೆಲ್ಲ ನಾನು ದಾರಿ ನೋಡಲಿಲ್ಲ, ಅವಳ ಹಿಮ್ಮಡಿಯನ್ನೇ ನೋಡಿಕೊಂಡು ನಡೆದೆ. ಧೂಳು ಮೆತ್ತಿಕೊಂಡ ಪಾದದಲ್ಲಿ ಏನೂ ಕಾಣುತ್ತಿರಲಿಲ್ಲ. ಗಾಜಿನ ಚೂರು ಕಂಡರೆ ಮುಂದೆ ಓಡಿ ಎತ್ತಿ ಎಸೆಯುತ್ತಿದ್ದೆ. ಊಟಕ್ಕೆ ಜಾಲಿಯ ನೆರಳಿನಲ್ಲಿ ಕೂತಾಗ ನಾನೊಬ್ಬನೇ ನಿಂತುಕೊಂಡು ಬುತ್ತಿಯ ರೊಟ್ಟಿ ತಿಂದೆ. ಅವಳು ನೀರಿಗೆಂದು ಎದ್ದು ಜಾಲಿಯ ನಡುವೆ ಹೋಗಿ ಬಂದಳು. ಹಿಂದೆಯೇ ಹೋಗಬೇಕಿತ್ತು, ಹೋಗಲಿಲ್ಲ.

ಸಿರುಗುಪ್ಪ ಇನ್ನೂ ಏಳೆಂಟು ಕಿಲೋಮೀಟರ್ ಇರುವಾಗ, ಹೊತ್ತು ಮುಳುಗುವ ಮುಂಚೆ, ರಸ್ತೆ ಪಕ್ಕದ ಹಳ್ಳಿಯವರು ಶಾಮಿಯಾನ ಹಾಕಿದ್ದ ಜಾಗಕ್ಕೆ ಬಂದೆವು. ಅಲ್ಲಿ ಪಾದಯಾತ್ರಿಗಳಿಗೆ ಊಟಕ್ಕಿಂತ ಮೊದಲು ಕಾಲಿನ ಉಪಚಾರ. ಊರಿನ ಹೆಂಗಸರು ಬಿಸಿನೀರಿಗೆ ಉಪ್ಪು ಹಾಕಿ, ಬಂದವರ ಕಾಲು ತಾವೇ ತೊಳೆದು ಎಣ್ಣೆ ಹಚ್ಚುತ್ತಾರೆ. ಒಬ್ಬಾಕೆ ಹಂಡೆಯಿಂದ ಆಗತಾನೆ ತೋಡಿ ತಂದ ನೀರನ್ನು ಬೋಗುಣಿಗೆ ಸುರಿದು, ತಣ್ಣೀರು ತರಲು ಎದ್ದಳು. ಅಕ್ಕ ಕುರ್ಚಿಯಲ್ಲಿ ಕೂತವಳೇ ಎರಡೂ ಕಾಲು ಅದರಲ್ಲಿ ಇಳಿಬಿಟ್ಟಳು.

"ಅವ್ವಾ, ತಡೀರಿ! ತಣ್ಣೀರು ಬೆರಸಿಲ್ಲ!" ಆಕೆ ಕೊಡ ಬಿಟ್ಟು ಓಡಿ ಬಂದಳು. ನಾನು ಬಗ್ಗಿ ಅಕ್ಕನ ಕಾಲುಗಳನ್ನು ಹೊರಗೆಳೆದೆ. ನನ್ನ ಬೆರಳುಗಳು ಉರಿದವು.

"ಯಾಕ? ಏನಾತು?" ಅಂದಳು ಅಕ್ಕ.

ನೀರು ತಂದ ಹೆಂಗಸು ಅಕ್ಕನ ಒಂದು ಪಾದವನ್ನು ತೊಡೆಯ ಮೇಲಿಟ್ಟುಕೊಂಡು ತಣ್ಣೀರಿನ ಬಟ್ಟೆಯಿಂದ ಒರೆಸಿದಳು. ಅಂಗಾಲಿನ ತುಂಬ ಬೊಬ್ಬೆ. ನಡುವೆ ಒಂದು ಕಪ್ಪು ಚುಕ್ಕೆ. ಉಗುರಿನಿಂದ ಹಿಡಿದು ಎಳೆದಳು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಜಾಲಿಮುಳ್ಳು ಬಂತು, ಹಿಂದೆಯೇ ರಕ್ತ. ಅಷ್ಟಕ್ಕೂ ಅಕ್ಕನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹೆದ್ದಾರಿಯಲ್ಲಿ ಅವಳ ಪಾದ ಮುಟ್ಟಿದ್ದ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಳು.

"ನೋವಿಲ್ಲಲ್ಲ, ಮತ್ಯಾಕ ಹೆದರ್ತೀರಿ? ಪಟ್ಟಿ ಕಟ್ಟು, ನಾಳೆ ನಡೀತೀನಿ," ಅಂದಳು ಅಕ್ಕ ನನಗೆ.

ನನ್ನ ಸಿಟ್ಟೆಲ್ಲ ಅಷ್ಟರಲ್ಲಿ ಇಳಿದು ಬರೀ ಹೆದರಿಕೆ ಉಳಿದಿತ್ತು. ಅವಳ ಮುಂದೆ ನೆಲದ ಮೇಲೆ ಕೂತೆ.

"ಕಣ್ಣು ಮುಚ್ಚು. ಕಾಲಾಗ ನಾನು ಎಲ್ಲಿ ಮುಟ್ತೀನಿ, ನೀ ಹೇಳು. ಮೂರು ಸಲ ಬರಾಬ್ಬರಿ ಹೇಳಿದ್ರ ಬೂಟು ಬಿಚ್ಚಿ ಒಗದು ನಾನೂ ನಿನ್ನ ಜೊತಿ ಬರಿಗಾಲಿಲೆ ಬರ್ತೀನಿ."

"ಇಲ್ಲಂದ್ರ?"

"ಈಗ ಸಿರುಗುಪ್ಪ ಆಸ್ಪತ್ರಿಗೆ."

ಒಪ್ಪಿದಳು. ಗಂಟನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಕಸಬರಿಗೆಯಿಂದ ಒಂದು ಕಡ್ಡಿ ಮುರಿದೆ. ಮೊದಲು ಪಾದಕ್ಕಿಂತ ಮೇಲೆ, ಹರಡು ದಾಟಿ ಮೀನಖಂಡದ ಹತ್ತಿರ ಮುಟ್ಟಿದೆ.

"ಹರಡಿನ ಮ್ಯಾಲ," ಅಂದಳು ಥಟ್ಟನೆ. ಸರಿಯಾಗಿತ್ತು. ಕಾಕಾ "ಮಲ್ಲಯ್ಯಾ" ಅಂದರು.

ಎರಡನೆಯದಕ್ಕೆ ಅಂಗಾಲಿನ ಯಾವ ಜಾಗ ಎಂದು ಹುಡುಕುತ್ತಿದ್ದೆ. ಬೊಬ್ಬೆ ಇಲ್ಲದ ಜಾಗ ಸಿಗುತ್ತಿರಲಿಲ್ಲ.

"ಹೆಬ್ಬಟ್ಟು! ಗೊತ್ತಾತು ನೋಡು," ಅಂದಳು.

ಕಡ್ಡಿ ಇನ್ನೂ ನನ್ನ ಕೈಯಲ್ಲೇ, ಅವಳ ಕಾಲಿನಿಂದ ಒಂದು ಗೇಣು ದೂರದಲ್ಲಿತ್ತು. ನಾನು ಮುಟ್ಟಿರಲಿಲ್ಲ. ಸುತ್ತ ನಿಂತವರೆಲ್ಲ ನೋಡಿದರು.

"ಬರಾಬ್ಬರಿ ಐತಿಲ್ಲೋ? ಯಾಕ ಸುಮ್ನ ಕುಂತಿ?" ಎನ್ನುತ್ತ ಅವಳು ಕಣ್ಣು ತೆರೆದಳು. ಕಡ್ಡಿ ನೋಡಿದಳು. ತನ್ನ ಕಾಲು ನೋಡಿದಳು. ಕಡ್ಡಿಯನ್ನು ಬಚ್ಚಿಡಲು ನನಗೆ ತೋಚಲಿಲ್ಲ.

ಅವಳು ಸೀರೆಯ ಗಂಟನ್ನು ಕಾಕಾನ ಕೈಗೆ ಕೊಟ್ಟಳು. ಅವರು ಬಾವುಟ ಪಕ್ಕಕ್ಕಿಟ್ಟು ಎರಡೂ ಕೈಯಲ್ಲಿ ಇಸಿದುಕೊಂಡರು.

"ಹಸರು ಬಣ್ಣ ನಾನ ಆರಿಸೀನಂತ ಅಕಿಗೆ ಹೇಳ್ರಿ," ಅಂದಳು. ಆಮೇಲೆ ನನ್ನ ಕಡೆ ತಿರುಗದೆಯೇ, "ಚಪ್ಪಲಿ ತೆಗಿ," ಅಂದಳು.

ಅಷ್ಟರಲ್ಲಿ ಯಾರೋ ಆಟೋ ಕರೆಸಿದ್ದರು. ಗಾಯಕ್ಕೆ ಬಟ್ಟೆ ಕಟ್ಟಿ, ಪೇಪರು ಬಿಡಿಸಿ, ಒಂದೊಂದಾಗಿ ಎರಡೂ ಚಪ್ಪಲಿ ತೊಡಿಸಿ ಪಟ್ಟಿ ಬಿಗಿದೆ. ಅಕ್ಕ ಶ್ರೀಶೈಲದ ದಾರಿಯ ಕಡೆ ಮುಖ ಮಾಡಿ ಅಳುತ್ತಿದ್ದಳು.

"ಹಾಕಿದೇನೋ?" ಎಂದು ಕೇಳಿದಳು.

"ಹಾಕೀನಕ್ಕಾ," ಅಂದೆ.