ಏಳನೆಯವಳು ನನ್ನ ಮಗಳು

ಸರ್ಕಾರದ ಕಡೆಯಿಂದ ಬಂದ ಹೆಂಗಸು ನನ್ನ ನಡುಮನೆಯಲ್ಲಿ ನಿಂತು, ಕಾರ್ಪೆಟ್ಟಿನ ಮೇಲೆ ಕೂತಿದ್ದ ಮಕ್ಕಳನ್ನು ಬೆರಳು ಚಾಚಿ ಎಣಿಸಿದಳು. ಏಳು ಅಂದಳು. ನಾನು ಆರು ಅಂದೆ. ಅವಳು ಮತ್ತೆ ಎಣಿಸಿದಳು. ನಮ್ಮ ಕಡೆ ಮಕ್ಕಳನ್ನು ಹೀಗೆ ಬೆರಳಿಟ್ಟು ಎಣಿಸಿದರೆ ದೃಷ್ಟಿಯಾಗುತ್ತದೆ ಎಂದು ಮನೆಯ ಹಿರಿಯರು ಕೈಮೇಲೆ ಹೊಡೆಯುತ್ತಾರೆ. ಇವಳ ಕೈಮೇಲೆ ಹೊಡೆಯುವವರು ಯಾರು?

"ಆ ಹಳದಿ ಫ್ರಾಕಿನ ಹುಡುಗಿ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಅವಳು ನನ್ನ ಮಗಳು."

"ಹಾಗಾದರೆ ಏಳು," ಎಂದು ಬರೆದುಕೊಂಡಳು.

ಇದು ನಡೆದದ್ದು ಫ್ರೀಮಾಂಟಿನಲ್ಲಿ, ನಾವು ಅಮೆರಿಕಕ್ಕೆ ಬಂದು ಎರಡನೆಯ ವರ್ಷ. ಇಲ್ಲಿ ತಂದೆತಾಯಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳ ಮಕ್ಕಳನ್ನು ಹಗಲು ನೋಡಿಕೊಳ್ಳುವ ಜಾಗಕ್ಕೆ ಡೇಕೇರ್ ಅನ್ನುತ್ತಾರೆ. ಅದನ್ನು ಮನೆಯಲ್ಲೇ ನಡೆಸಬಹುದು, ಆದರೆ ರಾಜ್ಯ ಸರ್ಕಾರದ ಲೈಸೆನ್ಸು ಬೇಕು. ನನ್ನಂಥ ಚಿಕ್ಕ ಮನೆಗೆ ಆರೇ ಮಕ್ಕಳು, ಆ ಆರರಲ್ಲಿ ನಮ್ಮ ಸ್ವಂತ ಚಿಕ್ಕ ಮಕ್ಕಳೂ ಸೇರಬೇಕು. ನಿಯಮದ ಪುಸ್ತಕವನ್ನು ನಾನು ಓದಿರಲಿಲ್ಲ ಎಂದಲ್ಲ. ಚಾಕು ಎಲ್ಲಿಡಬೇಕು, ಬೇಲಿ ಎಷ್ಟೆತ್ತರ ಇರಬೇಕು, ಎಲ್ಲವನ್ನೂ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದ್ದೆ. ದೇವರ ಮುಂದಿನ ಕಡ್ಡಿಪೆಟ್ಟಿಗೆಯನ್ನು ಕೂಡ ಬೀಗ ಹಾಕಿದ ಕಪಾಟಿಗೆ ಸೇರಿಸಿದ್ದೆ. ಸ್ವಂತ ಮಕ್ಕಳ ಆ ಒಂದು ಸಾಲಿನ ಮೇಲೆ ಕಣ್ಣು ಹಾದು ಹೋಗಿತ್ತು, ಮನಸ್ಸು ನಿಂತಿರಲಿಲ್ಲ.

ಯಾಕೆ ನಿಲ್ಲಲಿಲ್ಲ ಎಂದು ಹೇಳಬೇಕಾದರೆ ಧಾರವಾಡಕ್ಕೆ ಹೋಗಬೇಕು. ಅಲ್ಲಿ ನಾನು ಆರು ವರ್ಷ ಬಾಲವಾಡಿ ಟೀಚರಾಗಿದ್ದೆ. ಒಂದು ಓಣಿ, ಒಂದು ಕೋಣೆ, ನಲವತ್ತು ಮಕ್ಕಳು. ಮಗಳು ಶುಭಾ ಹುಟ್ಟಿ ಮೂರು ತಿಂಗಳಿಗೆ ಅವಳನ್ನೂ ಎತ್ತಿಕೊಂಡು ಹೋಗತೊಡಗಿದೆ. ಅಲ್ಲೇ ಕೂತಳು, ಅಲ್ಲೇ ನಡೆದಳು. ಆದರೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಬರೆಯಲಿಲ್ಲ. ಹೆಸರು ಬರೆದರೆ ಅವಳ ಪಾಲಿನ ಉಪ್ಪಿಟ್ಟು ಬರುತ್ತದೆ, ಬಡಮಕ್ಕಳಿಗೆಂದು ಬಂದ ಉಪ್ಪಿಟ್ಟನ್ನು ಟೀಚರ ಮಗಳು ತಿಂದಳು ಎಂದು ಮಂದಿ ಆಡಿಕೊಳ್ಳುತ್ತಾರೆ. ನಾನು ಮನೆಯಿಂದ ರೊಟ್ಟಿ ತಂದು ಹಾಲಿನಲ್ಲಿ ನೆನೆಸಿ ಅವಳಿಗೆ ತಿನ್ನಿಸುತ್ತಿದ್ದೆ. ತಪಾಸಣೆಗೆ ಬಂದ ಮೇಲ್ವಿಚಾರಕಿ ಅದನ್ನು ನೋಡಿ, "ನಿಮ್ಮಂಥಾ ಪ್ರಾಮಾಣಿಕ ಟೀಚರು ಭಾಳ ಕಡಿಮಿ ಬಿಡ್ರಿ," ಅಂದಿದ್ದರು. ಆ ಮಾತನ್ನು ನಾನು ಈ ದೇಶದವರೆಗೂ ಹೊತ್ತು ತಂದಿದ್ದೆ.

ಅಲ್ಲಿ ನಲವತ್ತು ಮಕ್ಕಳನ್ನು ಸುಧಾರಿಸಿ ಸಂಜೆ ಹಾಡುತ್ತಾ ಮನೆಗೆ ಬರುತ್ತಿದ್ದವಳು ಇಲ್ಲಿ ಆರಕ್ಕೇ ಹಣ್ಣಾಗಿಬಿಟ್ಟೆ. ಅಲ್ಲಿ ಓಣಿಗೆ ಓಣಿಯೇ ನನ್ನ ಜೊತೆಗಿತ್ತು. ಒಂದು ಮಗು ಹಟ ಹಿಡಿದರೆ ಎದುರು ಮನೆಯ ಗಂಗವ್ವ ಕಿಟಕಿಯಿಂದಲೇ ಗದರುತ್ತಿದ್ದಳು. ಇಲ್ಲಿ ಬೆಳಗಿನ ಏಳಕ್ಕೆ ಬಾಗಿಲು ಹಾಕಿದರೆ ಸಂಜೆಯವರೆಗೆ ದೊಡ್ಡವರ ಮುಖ ಕಾಣುವುದಿಲ್ಲ. ಫ್ರೀವೇಯಲ್ಲಿ ಕಾರುಗಳು ನಿಂತುಬಿಟ್ಟರೆ ತಾಯಂದಿರು ಬರುವುದು ಇನ್ನೂ ತಡ. ನಾನು ಕಲಿತ ಇಂಗ್ಲಿಷೂ ಮೂರು ವರ್ಷದವರ ಇಂಗ್ಲಿಷೇ. ಮಧ್ಯಾಹ್ನದ ನಿದ್ದೆಗೆ ನ್ಯಾಪ್, ತಂಟೆ ಮಾಡಿದವರನ್ನು ಮೂಲೆಯಲ್ಲಿ ಕೂರಿಸಿದರೆ ಟೈಮ್‌ಔಟ್. ಒಮ್ಮೆ ಅಂಗಡಿಯಲ್ಲಿ ಕೌಂಟರಿನ ಗಂಡಸಿಗೆ ನಿಧಾನವಾಗಿ, ಬೆರಳೆತ್ತಿ, ಮಗುವಿಗೆ ಹೇಳುವ ಹಾಗೆ ಹೇಳಿ ನಾಚಿಕೆಯಾಯಿತು.

ಏಳನೆಯ ಮಗು ಬಂದದ್ದು ವತ್ಸಲಾಳಿಂದ. ಬೆಂಗಳೂರಿನವಳು, ಹತ್ತಿರದ ಊರು ಪ್ಲೆಸೆಂಟನ್ನಿನಲ್ಲಿ ಎಂಜಿನಿಯರು. ಎಂಟು ತಿಂಗಳ ಮೇಘಾಳನ್ನು ಎತ್ತಿಕೊಂಡು ಬಂದು ನನ್ನ ಅಡುಗೆಮನೆಯಲ್ಲಿ ನಿಂತಳು.

"ಎಲ್ಲಾ ಕಡೆ ವೆಯ್ಟಿಂಗ್ ಲಿಸ್ಟು ಅಂತಾರೆ ರೀ. ಸೋಮವಾರದಿಂದ ಆಫೀಸು. ನೀವೂ ಇಲ್ಲ ಅಂದ್ರೆ ನಾನು ಕೆಲಸ ಬಿಡ್ಬೇಕಷ್ಟೆ," ಅಂದಳು.

ಕೂಸು ನನ್ನ ಬಳೆ ಹಿಡಿದುಕೊಂಡಿತ್ತು. ಐದು ಮಕ್ಕಳಿವೆ, ಇದೊಂದು ಆರಾಯಿತು ಎಂದುಕೊಂಡು ಹೂಂ ಅಂದೆ. ಶುಭಾ ಅಲ್ಲೇ ನನ್ನ ಸೆರಗು ಹಿಡಿದು ನಿಂತಿದ್ದಳು. ಅವಳು ಲೆಕ್ಕಕ್ಕೇ ಬರಲಿಲ್ಲ.

ಲೈಸೆನ್ಸಿನ ಹೆಂಗಸು ಕೆಟ್ಟವಳಲ್ಲ. ನನ್ನ ಧಾರವಾಡದ ಉಪ್ಪಿಟ್ಟಿನ ಕಥೆಯನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಪೆನ್ನು ಮುಚ್ಚಿ, "ನಿನ್ನ ಮಗಳಿಗೂ ನಿನ್ನ ಕಣ್ಣು ಬೇಕಲ್ಲವೇ? ಅದಕ್ಕೇ ಅವಳನ್ನೂ ಎಣಿಸುತ್ತೇವೆ," ಅಂದಳು. ಹತ್ತು ದಿನದೊಳಗೆ ಆರಕ್ಕೆ ಇಳಿಸದಿದ್ದರೆ ಲೈಸೆನ್ಸು ಹೋಗುತ್ತದೆ ಎಂದು ಚೀಟಿ ಕೊಟ್ಟು ಹೋದಳು. ಚೀಟಿಗಿಂತ ಆ ಮಾತೇ ನನ್ನನ್ನು ಹೆಚ್ಚು ಚುಚ್ಚಿತು. ಹೆತ್ತ ನಾನು ಬಿಟ್ಟ ಮಗಳನ್ನು ಗುರುತಿಲ್ಲದ ಸರ್ಕಾರ ಎಣಿಸಿತ್ತು.

ನಮ್ಮವರು ಚೀಟಿ ಓದಿ, "ಆ ಕೂಸನ್ನ ಬಿಡಸು. ಮೊನ್ನೆರೆ ಬಂದದ," ಅಂದರು.

"ಮಾತು ಕೊಟ್ಟೀನ್ರಿ. ಆಕಿ ಕೆಲಸ ಹೋಗ್ತದ."

"ಹಂಗಾದ್ರ ಶುಭಾನ್ನ ಎಲ್ಲಿ ಇಡ್ತಿ? ಅಟ್ಟದ ಮ್ಯಾಲೆ?"

ನನಗೆ ನಗು ಬರಲಿಲ್ಲ, ಚೀಟಿಯನ್ನು ಮಡಚಿಟ್ಟೆ.

ಎರಡು ಬೀದಿ ಆಚೆ ಕಮಲಾದೀದಿ ಇದ್ದಳು. ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪ ದೇಶದಿಂದ ಬಂದವಳು. ಅವಳ ಮುತ್ತಜ್ಜ ಕಬ್ಬಿನ ತೋಟದ ಕೂಲಿಗೆಂದು ಭಾರತದಿಂದ ಹಡಗು ಹತ್ತಿದವನಂತೆ. ಅವಳು ಅಲ್ಲಿ ಶಿಶುವಿಹಾರದ ಟೀಚರಾಗಿದ್ದಳು, ಇಲ್ಲಿ ನನ್ನ ಹಾಗೆಯೇ ಡೇಕೇರ್ ನಡೆಸುತ್ತಿದ್ದಳು. ಅವಳ ದ್ವೀಪದ ಹಿಂದಿ, ನನ್ನ ಧಾರವಾಡದ ಹಿಂದಿ, ಹೇಗೋ ಮಾತು ಸಾಗುತ್ತಿತ್ತು. ಆ ಶನಿವಾರ ಅವಳು ಮರಗೆಣಸು ಸುಲಿಯುತ್ತಾ ನನ್ನ ಗೋಳು ಕೇಳಿ, ತನ್ನದೊಂದು ಕಥೆ ಹೇಳಿದಳು.

ಅವಳ ದೇಶದ ಸರ್ಕಾರಕ್ಕೆ ಒಂದು ವರ್ಷ ಹುಕಿ ಬಂತಂತೆ. ಶಾಲೆಗೆ ಸೇರುವ ಮುಂಚಿನ ಮಕ್ಕಳಿಗೆಲ್ಲಾ ಒಂದು ರಾಷ್ಟ್ರೀಯ ನೀತಿ ಬರೆಯೋಣ ಎಂದು ಪ್ರತಿ ದ್ವೀಪದಿಂದ ಟೀಚರುಗಳನ್ನು ರಾಜಧಾನಿಗೆ ಕರೆಸಿದರು. ಕೆಲವರು ದೋಣಿಯಲ್ಲಿ ವಾಂತಿ ಮಾಡಿಕೊಳ್ಳುತ್ತಾ ಬಂದರು. ಐದು ದಿನದ ಸಭೆ. ಯಾವ ಭಾಷೆಯಲ್ಲಿ ಕಲಿಸಬೇಕು, ಹಾಲು ಕೊಡಬೇಕೋ ಬೇಡವೋ, ಒಬ್ಬ ಟೀಚರಿಗೆ ಎಷ್ಟು ಮಕ್ಕಳು.

"ನಮ್ಮ ದೇಶ ಎಷ್ಟು ಚಿಕ್ಕದು ಅಂದರೆ, ಸಭೆಗೆ ಬಂದ ಅಧಿಕಾರಿಗಳಲ್ಲಿ ಮೂವರ ಮಕ್ಕಳ ಮೂಗು ನಾನೇ ಒರೆಸಿದ್ದೆ," ಅಂದಳು. "ಕೊನೆಯ ದಿನ ಎದ್ದು ನಿಂತು ಕೇಳಿದೆ. ಟೀಚರ ಮಗು ಎಲ್ಲಿ ಕೂರಬೇಕು ಸಾಹೇಬರೇ, ಅದನ್ನೂ ಬರೆಯಿರಿ ಅಂತ."

"ಏನಂದರು?"

"ನಕ್ಕರು. ಆಮೇಲೆ ಬರೆದುಕೊಂಡರು. ನೀತಿಯ ಪುಸ್ತಕ ಅಚ್ಚಾಗಿ ಬಂದಾಗ ಹುಡುಕಿದೆ. ರಟ್ಟಿನ ಮೇಲೆ ನಗುವ ಮಗುವಿನ ಚಿತ್ರ ಇತ್ತು, ನನ್ನ ಪ್ರಶ್ನೆ ಇರಲಿಲ್ಲ."

ಧಾರವಾಡದಲ್ಲಿ ನನ್ನ ಮಗಳು ಕೂತಿದ್ದಳು, ಹೆಸರಿರಲಿಲ್ಲ. ದೀದಿಯ ದೇಶದಲ್ಲಿ ಪ್ರಶ್ನೆ ಇತ್ತು, ಉತ್ತರ ಇರಲಿಲ್ಲ. ಇಲ್ಲಿ ಹೆಸರುಂಟು, ಜಾಗವಿಲ್ಲ. ಮೂರೂ ಕಡೆ ಏನಾದರೊಂದು ಬಿಟ್ಟುಕೊಡಬೇಕಾದವಳು ಟೀಚರ ಮಗಳೇ ಎಂದು ನನಗೆ ಸಿಟ್ಟು ಬಂತು. ದೀದಿ ಸುಲಿದ ಗೆಣಸನ್ನು ನೀರಿಗೆ ಹಾಕಿ, "ನನ್ನಲ್ಲಿ ಒಂದು ಜಾಗ ಇದೆ. ಕಳಿಸು," ಅಂದಳು.

ಸೋಮವಾರ ಬೆಳಿಗ್ಗೆ ಆರೂವರೆಗೆ ಶುಭಾಳನ್ನು ಅಲ್ಲಿ ಬಿಟ್ಟು ಓಡಿ ಬಂದೆ. ಏಳಕ್ಕೆ ವತ್ಸಲಾ ಮೇಘಾಳನ್ನು ನನ್ನ ತೋಳಿಗೆ ಕೊಟ್ಟಳು. ಕೂಸು ಅತ್ತಿತು, ತಟ್ಟಿ ಮಲಗಿಸಿದೆ. ಅದೇ ಹೊತ್ತಿಗೆ ನನ್ನ ಮಗಳು ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ದಿನವಿಡೀ ಆರು ತಟ್ಟೆ ಇಡುವಾಗ ಕೈ ತಾನಾಗಿ ಏಳನೆಯದಕ್ಕೆ ಹೋಗುತ್ತಿತ್ತು. ಲೈಸೆನ್ಸಿನ ಹೆಂಗಸು ಮತ್ತೆ ಬಂದಳು, ಎಣಿಸಿದಳು, ಸರಿಯಾಗಿದೆ ಎಂದು ಕೈಕುಲುಕಿ ಹೋದಳು. ಲೈಸೆನ್ಸು ಉಳಿಯಿತು. ಬೇಕಾದ್ದೇ ಆದರೂ ಖುಷಿಯಾಗಲಿಲ್ಲ.

ಈಗ ಆರು ತಿಂಗಳಾಯಿತು. ದಿನಾ ಸಂಜೆ ಕೊನೆಯ ಮಗುವನ್ನು ಕಳಿಸಿ ದೀದಿಯ ಮನೆಗೆ ಹೋಗುತ್ತೇನೆ. ಬಾಗಿಲ ಹತ್ತಿರ ಒಂದು ಹಾಳೆ ಇರುತ್ತದೆ, ಕರೆದೊಯ್ಯುವವರು ಅದರಲ್ಲಿ ಮಗುವಿನ ಹೆಸರು, ಹೊತ್ತು, ತಮಗೂ ಮಗುವಿಗೂ ಏನು ಸಂಬಂಧ ಎಂದು ಬರೆದು ಸಹಿ ಮಾಡಬೇಕು. ಶುಭಾ, ಏಳು ಗಂಟೆ, ತಾಯಿ. ಹಾಜರಿ ಪುಸ್ತಕದಲ್ಲಿ ನಾನು ಒಂದು ದಿನವೂ ಬರೆಯದ ಹೆಸರನ್ನು ದಿನಾ ಬರೆಯುತ್ತಿದ್ದೇನೆ, ಇನ್ನೊಬ್ಬರ ಮನೆಯ ಹಾಳೆಯಲ್ಲಿ.

ಮಗಳು ಕನ್ನಡ ಕೇಳಿಸಿಕೊಳ್ಳುತ್ತಾಳೆ, ಉತ್ತರ ಇಂಗ್ಲಿಷಿನಲ್ಲಿ. ಅಳುವಾಗ ಮಾತ್ರ ದೀದಿಯ ಹಿಂದಿ. ನಿನ್ನೆ ಮನೆಗೆ ನಡೆದು ಬರುವಾಗ, "ಇವತ್ತ ಏನ್ ಆಡಿದಿ?" ಎಂದು ಕೇಳಿದೆ.  ಅವಳು ನನ್ನ ಕೈ ಹಿಡಿದು, ಮೇಘಾ ದೊಡ್ಡವಳಾಗಿ ಶಾಲೆಗೆ ಹೋದ ಮೇಲೆ ತಾನು ಅಮ್ಮನ ಆರರೊಳಗೆ ಬರಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮೇಘಾ ಶಾಲೆಗೆ ಹೋಗುವ ಹೊತ್ತಿಗೆ ತಾನು ಅವಳಿಗಿಂತ ಮೊದಲೇ ಶಾಲೆ ಸೇರಿ ಯಾವ ಡೇಕೇರಿನಲ್ಲೂ ಇರುವುದಿಲ್ಲ ಎಂಬುದು ಅವಳಿಗೆ ತಿಳಿಯದು. ನಾನು ಹೂಂ ಅಂದೆ.

ಊರಲ್ಲಿ ಬಾಲವಾಡಿ ನಡೆಸುವ ನನ್ನ ಅಕ್ಕತಂಗಿಯರು ಇದನ್ನು ಓದಿದರೆ ಒಂದು ಮಾತು ಹೇಳುತ್ತೇನೆ. ನಿಮ್ಮ ಮಗು ನಿಮ್ಮ ಕಣ್ಣೆದುರು, ಆ ಕೋಣೆಯ ಮೂಲೆಯಲ್ಲೇ ಕೂತಿದೆ. ಅದು ಎಷ್ಟು ದೊಡ್ಡ ಭಾಗ್ಯ ಎಂಬುದು ಇಷ್ಟು ದೂರ ಬಂದ ನನಗೆ ಗೊತ್ತು. ನಾಳೆ ಹಾಜರಿ ಪುಸ್ತಕ ತೆಗೆದಾಗ ಆ ಮಗುವಿನ ಹೆಸರನ್ನೂ ಬರೆಯಿರಿ. ಮಂದಿ ಏನಾದರೂ ಅಂದುಕೊಳ್ಳಲಿ, ಒಂದು ಮುಷ್ಟಿ ಉಪ್ಪಿಟ್ಟು ಅದೂ ತಿನ್ನಲಿ.