ಕಾಕಾಸಾಹೇಬರ ಖಾಲಿ ರಸ್ತೆ

ಬಸ್ಸು ಓಡಿಸುವ ಕೆಲಸದಿಂದ ನಿವೃತ್ತರಾಗಿ ಕೊರಳಲ್ಲಿ ಹೂಮಾಲೆ ಹಾಕಿಕೊಂಡೇ ಮನೆಗೆ ಬಂದ ಕಾಕಾಸಾಹೇಬ ಚೌಗುಲೆಯವರು ಹೆಂಡತಿಗೆ ಹೇಳಿದ ಮೊದಲ ಮಾತು ಇದು: "ಕಾಶೀ, ಇನ್ ಮ್ಯಾಲ ನನ್ನ ಬೆನ್ನಹಿಂದ ನಿಂತ ಯಾರೂ ಹಾರ್ನ್ ಹೊಡ್ಯಾಂಗಿಲ್ಲ ನೋಡ."

ಆ ಮಾತಿನ ಹಿಂದೆ ಒಂದು ಆಯುಷ್ಯದ ಸಿಟ್ಟಿತ್ತು. ಚಿಕ್ಕೋಡಿಯಿಂದ ನಿಪ್ಪಾಣಿ, ನಿಪ್ಪಾಣಿಯಿಂದ ರಾಯಬಾಗ, ರಾಯಬಾಗದಿಂದ ಅಥಣಿ, ಕಾಗವಾಡ. ಅವರು ಬಸ್ಸು ತಿರುಗಿಸದ ಹಾದಿ ಈ ಸೀಮೆಯಲ್ಲಿ ಇರಲಿಲ್ಲ. ಎಲ್ಲ ಕಡೆಗೂ ಮುಂದೆ ಕಬ್ಬಿನ ಟ್ರ್ಯಾಕ್ಟರು. ಒಂದರ ಹಿಂದೊಂದು ಟ್ರೇಲರು ಕಟ್ಟಿಕೊಂಡು, ಕಬ್ಬನ್ನು ರಸ್ತೆಯ ಅಗಲಕ್ಕೆ ಚಾಚಿ, ಮರಾಠಿ ಹಾಡನ್ನು ಆಕಾಶಕ್ಕೆ ಕೇಳುವಂತೆ ಹಚ್ಚಿಕೊಂಡು ಮದುವೆಯ ಮೆರವಣಿಗೆಯಂತೆ ಹೊರಟಿರುತ್ತಿತ್ತು. ಅದನ್ನು ದಾಟಲು ಇವರಿಗೆ ದಾರಿಯಿಲ್ಲ. ಇವರ ಹಿಂದೆ ಕಾಯಲು ಹಿಂದಿನವರಿಗೆ ಪುರುಸೊತ್ತಿಲ್ಲ. ಹೀಗಾಗಿ ಹಾರ್ನು.

ಕೆಲಸ ಬಿಟ್ಟರೂ ಕೆಲಸ ಅವರನ್ನು ಬಿಡಲಿಲ್ಲ. ಕಾಶಿಬಾಯಿ ಕಾಯಿಸಿದ ಹಾಲಿನ ಪಾತ್ರೆ ಹಿಡಿದು ಎದುರಿಗೆ ಬಂದರೆ ಜೋಕಾಲಿಯಲ್ಲಿ ಕೂತ ಇವರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಅಡುಗೆಮನೆಯ ಮೂಲೆ ತಿರುಗುವಾಗ ಬಲಗೈ ಹೊರಗೆ ಚಾಚಿಕೊಳ್ಳುತ್ತಿತ್ತು. ಸಂಜೆ ಅಡ್ಡಾಡಿ ಬರೋಣವೆಂದು ತಮ್ಮೂರು ಅಂಕಲಿಯ ರಸ್ತೆಗೆ ಇಳಿದರೆ ಮತ್ತೆ ಅದೇ ಟ್ರ್ಯಾಕ್ಟರು, ಅದೇ ಹಾಡು. ಈಗ ಸುತ್ತ ಬಸ್ಸಿನ ತಗಡೂ ಇಲ್ಲ. ಮೋಟರ್ ಸೈಕಲ್ಲಿನ ಹುಡುಗರು ಧೋತರದ ಚುಂಗು ಸವರಿಕೊಂಡೇ ಹೋಗುತ್ತಿದ್ದರು.

ಹೀಗಿರುವಾಗ ಒಂದು ಸಲ ಮಗಳು ಪ್ರಾಜಕ್ತಾಳನ್ನು ನೋಡಲು ನಿಪ್ಪಾಣಿಗೆ ಹೋದರು. ಅಳಿಯ ವೃಷಭನ ಮನೆಯ ಹಿತ್ತಲಲ್ಲಿ ಒಂದು ಸೈಕಲ್ ನಿಂತಿತ್ತು. ಗಾಲಿ ದಪ್ಪ, ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿದ್ದು. ಆ ಕೊಂಬಿನ ಮೇಲೆ ಒಂದು ಕಡೆ ಟವೆಲು, ಇನ್ನೊಂದು ಕಡೆ ಕೂಸಿನ ಕುಂಚಿಗೆ ಒಣಗುತ್ತಿದ್ದವು.

"ಇದೆಂಥಾ ಸೈಕಲ್ ಅಳಿಯಂದ್ರ?"

"ಗ್ರಾವೆಲ್ ಬೈಕ್ ಅಂತಾರ ಮಾಮಾ. ಡಾಂಬರ್ ರಸ್ತಾ ಬ್ಯಾಡ ಇದಕ್ಕ. ಗರಸು, ಖಡಿ, ಹೊಲದ ದಾರಿ, ಎಲ್ಲಿ ಗಾಡಿ ಬರೂದಿಲ್ಲೊ ಅಲ್ಲಿ ಓಡಸೂದು. ಹೊಟ್ಟಿ ಕರಗ್ತೈತಿ ಅಂತ ತಂದಿದ್ದೆ," ಎಂದು ವೃಷಭ ತನ್ನ ಹೊಟ್ಟೆ ಸವರಿಕೊಂಡ. ಅದು ಕರಗಿದ್ದಂತೆ ಕಾಣಲಿಲ್ಲ.

ಮಾವನ ಕಿವಿಗೆ ಬಿದ್ದದ್ದು ಒಂದೇ ಮಾತು: ಎಲ್ಲಿ ಗಾಡಿ ಬರುವುದಿಲ್ಲವೋ ಅಲ್ಲಿ. ಮರುದಿನ ಟವೆಲು, ಕುಂಚಿಗೆಗಳಿಗೆ ಬೇರೆ ಹಗ್ಗ ಕಟ್ಟಿಸಿ, ಸೈಕಲ್ಲನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಅಂಕಲಿಗೆ ಬಂದರು. ಅಳಿಯ ಹೆಲ್ಮೆಟ್ಟನ್ನೂ ಕೊಟ್ಟು, ಪೀಡೆ ಕಳೆದವನಂತೆ ಕೈ ಬೀಸಿದ.

ಓಡಿಸುವ ಜಾಗ ಅವರ ಮನಸ್ಸಿನಲ್ಲಿ ಮೊದಲೇ ಇತ್ತು. ಊರ ಹೊರಗೆ ಕೃಷ್ಣೆ ದೊಡ್ಡ ತಿರುವು ತೆಗೆದುಕೊಳ್ಳುವಲ್ಲಿ ನೀರು ಎರಡೂ ದಂಡೆಗಳನ್ನು ಕೊರೆದು ಕೊರೆದು ಕೊಳ್ಳ ಮಾಡಿದೆ. ಕೆಳಗೆ ದಂಡೆಗುಂಟ ಒಂದು ಹಳೇ ಗರಸಿನ ದಾರಿ. ಮಹಾಪೂರ ಬಂದಾಗೆಲ್ಲ ಅದು ಮುಳುಗುತ್ತದೆಂದು ಮೇಲೆ ಹೊಸ ಡಾಂಬರು ರಸ್ತೆ ಮಾಡಿದರು. ಹಳೆಯದರ ಬಾಯಿಗೆ ಬಂಡೆ ಉರುಳಿಸಿ ಮರೆತರು. ಬಂಡೆಯ ಪಕ್ಕದಲ್ಲಿ ಒಂದು ಸೈಕಲ್ಲು, ಒಂದು ಕುರಿ, ತೆಳ್ಳಗಿನ ಒಬ್ಬ ಮನುಷ್ಯ ತೂರಬಹುದು. ಟ್ರ್ಯಾಕ್ಟರು ತೂರಲಾರದು.

ಮೊದಲ ದಿನ ಕಾಕಾಸಾಹೇಬರು ಇಳಿಜಾರಿನಲ್ಲಿ ಪೆಡಲು ಬಿಟ್ಟು ಕೂತಾಗ ಗಾಲಿಯ ಕೆಳಗೆ ಗರಸು ಚುರುಮುರಿ ಜಗಿದಂತೆ ಸದ್ದು ಮಾಡಿತು. ಎಡಕ್ಕೆ ಕಪ್ಪು ಮಣ್ಣಿನ ಗೋಡೆ, ಅದರ ತುಂಬ ಗಿಳಿಗಳ ಪೊಟರೆ. ಬಲಕ್ಕೆ ಹಸಿರು ನೀರು, ನೀರಿನಲ್ಲಿ ಒಂಟಿಕಾಲಿನಲ್ಲಿ ನಿಂತ ಕೊಕ್ಕರೆ. ಮೇಲಿನ ರಸ್ತೆಯ ಹಾಡು ದಂಡೆಗೆ ತಾಗಿ ಮೇಲೆಯೇ ಉಳಿಯಿತು. ಅವರು ಹಿಂತಿರುಗಿ ನೋಡಿದರು. ಯಾರೂ ಇಲ್ಲ. ಮತ್ತೊಮ್ಮೆ ನೋಡಿದರು. ಯಾರೂ ಇಲ್ಲ! ಹುಚ್ಚು ಖುಷಿಯಾಗಿ ದಾರಿಯ ನಟ್ಟನಡುವೆ ಎಡಕ್ಕೂ ಬಲಕ್ಕೂ ಹಾವಿನಂತೆ ಸೈಕಲ್ ಓಲಾಡಿಸಿದರು. ಬಸ್ಸಿನಲ್ಲಿ ಹಾಗೆ ಮಾಡಿದ್ದರೆ ಒಳಗಿನವರು ಇಳಿದು ಹೊಡೆಯುತ್ತಿದ್ದರು.

ಕೆಲವು ದಿನ ಈ ಸುಖ ನಡೆಯಿತು. ಆಮೇಲೊಂದು ಸಂಜೆ ತಿರುವಿನಾಚೆ ದಾರಿ ತುಂಬ ಕುರಿ. ಕಾಕಾಸಾಹೇಬರ ಹೆಬ್ಬೆರಳು ಹ್ಯಾಂಡಲ್ಲಿನ ಮೇಲೆ ಇಲ್ಲದ ಹಾರ್ನನ್ನು ಹುಡುಕಿತು. ಹಿಂಡಿನ ಮುಂದೆ ಕಂಬಳಿ ಹೊದ್ದು ನಿಂತಿದ್ದ ಮುದುಕಿ ಇವರನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಆಕೆ ಮೇಲಿನ ವಸ್ತಿಯ ಹೊಳೆವ್ವ.

"ಡ್ರೈವರ್ ಸಾಹೇಬ್ರಲ್ಲೇನ್ರಿ? ರಾಯಬಾಗ್ ಸಂತಿಗೆ ನಿಮ್ಮ ಗಾಡ್ಯಾಗ ಕುಂತ್ರ ಹೊಟ್ಟ್ಯಾನ ಮಜ್ಜಿಗಿ ಬೆಣ್ಣಿ ಆಗ್ತಿತ್ರಿ ಯಪ್ಪಾ!"

"ಅದು ರಸ್ತಾದ ತಪ್ಪಬೇ, ನಂದಲ್ಲ."

"ಇರ್ಲಿ ಬಿಡ್ರಿ. ಹೆಂಗೂ ಹೊಂಟೀರಿ, ಈ ಬುತ್ತಿಗಂಟ ಮೋಟರ್ ಮನಿ ರಾವಸಾಹೇಬ್ಗ ಕೊಟ್ಟ ಹೋಗ್ರಿ. ಅವನ ಹೆಂಡತಿ ನನ್ನ ಕೈಯಾಗ ಕೊಟ್ಟಾಳ. ಈ ಕುರಿ ಬಿಟ್ಟ ನಾ ಎಲ್ಲಿ ಹೋಗ್ಲಿ?"

ಬೇಡ ಎನ್ನುವಷ್ಟರಲ್ಲಿ ಗಂಟು ಹ್ಯಾಂಡಲ್ಲಿಗೆ ಬಿದ್ದಿತ್ತು. ಕೊಳ್ಳದ ಆಚೆ ತುದಿಯಲ್ಲಿ ಹೊಳೆಯ ನೀರೆತ್ತುವ ಮೋಟರು ಕಾಯುವ ರಾವಸಾಹೇಬ ಬುತ್ತಿ ಇಸಿದುಕೊಂಡು, "ನಾಳೆ ಬರೂಮುಂದ ಒಂದೀಟ ಚಹಾಪುಡಿ ತರ್ರಿ ಕಾಕಾ," ಎಂದ, ಇವರು ದಿನಾ ಬರುವುದು ಮೊದಲೇ ಗೊತ್ತಾದ ವಿಷಯವೆಂಬಂತೆ.

ಅಲ್ಲಿಂದ ಶುರುವಾಯಿತು. ಬನ್ನಿಗಿಡದ ಕೆಳಗೆ ಒಬ್ಬರು ಸವೆದ ಕುಡುಗೋಲು ಹಿಡಿದು ನಿಂತಿರುವರು, ಸಾಣೆ ಹಿಡಿಸಬೇಕು. ಹೊಳೆಗಿಳಿಯುವ ಮುರಿದ ಮೆಟ್ಟಿಲಿನ ಹತ್ತಿರ ಒಬ್ಬರಿಗೆ ಕೆಮ್ಮಿನ ಔಷಧ ಬೇಕು. ಕಾಕಾಸಾಹೇಬರು ಗಟ್ಟಿ ಮನಸ್ಸು ಮಾಡಿಯೇ ಮನೆಯಿಂದ ಹೊರಡುತ್ತಿದ್ದರು. ಆದರೆ ದಾರಿಬದಿಯಲ್ಲಿ ಯಾರಾದರೂ ಕೈ ಎತ್ತಿದರೆ ಮನಸ್ಸಿನ ಅಪ್ಪಣೆಗೆ ಕಾಯದೆ ಬೆರಳು ಬ್ರೇಕು ಒತ್ತಿಬಿಡುತ್ತಿತ್ತು. ಡ್ರೈವರನ ಮೈ ಅದು. ಕೈ ಕಂಡರೆ ನಿಲ್ಲುತ್ತದೆ.

"ಇದು ಬಸ್ ಅಲ್ರಿ!" ಎಂದು ಅವರು ಒದರಿದರೆ, "ಬಸ್ ಆಗಿದ್ರ ಇಷ್ಟ ಛಲೋ ನಿಲ್ಲತಿದ್ದಿಲ್ ಬಿಡ್ರಿ," ಎಂದು ಜನ ನಗುತ್ತಿದ್ದರು.

ಮನೆಯಲ್ಲಿ ಚೀಲದಿಂದ ಕುಡುಗೋಲು ಹೊರಬಿದ್ದದ್ದನ್ನು ಕಂಡು ಕಾಶಿಬಾಯಿ ವಿಷಯ ಕೇಳಿದಳು. ಕೇಳಿ, ಹಚ್ಚುತ್ತಿದ್ದ ಹೀರೇಕಾಯಿ ಬದಿಗಿಟ್ಟು ನಕ್ಕಳು. "ಟ್ರಾಫಿಕ್ ಇಲ್ಲದ ರಸ್ತಾ ಹುಡಿಕ್ಕೊಂಡ ಹೋದ್ರಿ. ಅಲ್ಲಿ ಟ್ರಾಫಿಕ್ ನೀವ ಆದ್ರಿ!"

ಈ ಮಾತು ಕಾಕಾಸಾಹೇಬರಿಗೆ ಚುಚ್ಚಿತು. ಮರುದಿನ ಮಫ್ಲರಿನಿಂದ ಮುಖ ಮುಚ್ಚಿ, ಮೇಲೆ ಹೆಲ್ಮೆಟ್ಟು, ಅಳಿಯ ಹಿಂದೊಮ್ಮೆ ಬಿಟ್ಟುಹೋಗಿದ್ದ ಕಪ್ಪು ಚಷ್ಮಾ ಹಾಕಿಕೊಂಡು ಹೊರಟರು. ಯಾರ ಕೈಯನ್ನೂ ನೋಡುವುದಿಲ್ಲ, ದಾರಿಯ ಕೊನೆಗೆ ಸಿಗುವ ಹಳ್ಳದ ತನಕ ಹೋಗಿ ಬರುವುದು, ಹೊತ್ತು ಮುಳುಗುವುದರೊಳಗೆ ಮನೆ ಸೇರಿ ಊಟ ಮುಗಿಸುವುದು. ಜೈನರ ಮನೆಯ ಊಟ ಸೂರ್ಯನಿಗೆ ಕಟ್ಟುಬಿದ್ದದ್ದು. ಆತ ಮುಳುಗಿದನೆಂದರೆ ತಾಟಿಗೆ ಕೈ ಹಾಕುವಂತಿಲ್ಲ.

ಹೋಗುವಾಗ ಎಲ್ಲ ಸರಿಯಿತ್ತು. ಮರಳಿ ಬರುವಾಗ ತಿರುವಿನಲ್ಲಿ ಹೊಳೆವ್ವನ ದನಿ ಕೇಳಿತು. "ನಿಲ್ಲಸ್ರಿ ಡ್ರೈವರ್ ಸಾಹೇಬ್ರ!"

"ನಾ ಅಂತ ಹೆಂಗ ಗೊತ್ತಾತಬೇ?"

"ತಿರುವಿನ್ಯಾಗ ಕೈ ಹೊರಗ ಚಾಚಿ ತಿರಗಾವ್ರು ಈ ಕೊಳ್ಳದಾಗ ಮತ್ಯಾರದಾರ್ರಿ?" ಎಂದ ಹೊಳೆವ್ವನ ಎರಡೂ ಬಗಲಲ್ಲಿ ಎರಡು ಎಳೆಯ ಮರಿ. ಕಾಲ ಬಳಿ ಇನ್ನೊಂದು ಈಗಷ್ಟೇ ಹುಟ್ಟಿ ಒದ್ದೆಯಾಗಿ ನಡುಗುತ್ತಿತ್ತು. "ಮೂರನೇದ್ದ ಎಲ್ಲಿ ಇಟ್ಟಕೊಳ್ಳಲ್ರಿ? ಮ್ಯಾಲ ದಾರಿ ಬಾಯಾಗಿನ ಬಂಡಿಗಲ್ಲಿನ ಹತ್ರ ನನ್ನ ಸೊಸಿ ಸುಜಾತಾ ನಿಂತಿರ್ತಾಳ. ಆಕಿ ಕೈಯಾಗ ಕೊಟ್ಟಬಿಡ್ರಿ, ಪುಣ್ಯಾ ಬರ್ತೈತಿ."

ಅಹಿಂಸೆಯ ಧರ್ಮದಲ್ಲಿ ಹುಟ್ಟಿದವರು ಮರಿಯನ್ನು ಬೇಡವೆನ್ನುವುದು ಹೇಗೆ? ಅಂಗಿಯ ಗುಂಡಿ ಬಿಚ್ಚಿ ಎದೆಯೊಳಗೆ ಇಟ್ಟುಕೊಂಡರು. ಮರಿ ಅವರ ಗದ್ದದ ಕೆಳಗೆ ತಲೆ ಹೊರಹಾಕಿ "ಬ್ಯಾ" ಎಂದಿತು. ಹಿಂದಿನಿಂದ ತಾಯಿಕುರಿ "ಬ್ಯಾ" ಎಂದು ಉತ್ತರ ಕೊಟ್ಟಿತು.

ಅವರು ಪೆಡಲು ತುಳಿದರು. ತಾಯಿಕುರಿ ಓಡಿತು. ತಾಯಿಕುರಿ ಓಡಿತೆಂದು ಅದರ ಪಕ್ಕದ್ದು ಓಡಿತು. ಪಕ್ಕದ್ದು ಓಡಿತೆಂದು ಯಾಕೆ ಏನು ಎಂದು ಕೇಳದೆ ಇಡೀ ಹಿಂಡು ಹೊರಟಿತು. ಕಾಕಾಸಾಹೇಬರು ಹಿಂತಿರುಗಿ ನೋಡಿದರೆ ಧೂಳು, ಧೂಳಿನಲ್ಲಿ ನೂರಾರು ಬಾಯಿ, ಎಲ್ಲ ಬಾಯಲ್ಲೂ ಹಾರ್ನು. ಜೋರು ತುಳಿದರೆ ಹಿಂಡೂ ಜೋರಾಯಿತು. ನಿಧಾನ ಮಾಡಿದರೆ ಟಗರೊಂದು ಹಿಂದಿನ ಗಾಲಿಗೆ ಹಣೆ ತಾಗಿಸಿತು. ಎಲ್ಲೋ ದೂರದಿಂದ ಹೊಳೆವ್ವ "ನಿಲ್ರೀ! ನಿಲ್ರೀ!" ಎಂದು ಕೂಗುತ್ತಿದ್ದಳು. ಆ ಗದ್ದಲದಲ್ಲಿ ಇವರಿಗೆ "ನಡೀರಿ! ನಡೀರಿ!" ಎಂದು ಕೇಳಿಸಿತು. ನಡೆದರು.

ಏರು ಹತ್ತಿ ಬಂಡೆಯ ಸಂದಿಯಿಂದ ಡಾಂಬರು ರಸ್ತೆಗೆ ಚಿಮ್ಮಿದಾಗ ಅಲ್ಲಿ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಸೊಸೆ ಸುಜಾತಾ ಎರಡೂ ಕೈ ತಲೆಯ ಮೇಲೆ ಹೊತ್ತು ನಿಂತುಬಿಟ್ಟಳು. ಕುರಿಗಳು ಅತ್ತಿತ್ತ ನೋಡಿ, ಟ್ರೇಲರಿನಿಂದ ಜೋತಾಡುವ ಹಸಿರು ಕಬ್ಬಿನ ಸೋಗೆ ಕಂಡು, ಇದಕ್ಕಾಗಿಯೇ ಕರೆತಂದರೆಂದು ತಿಳಿದು ಊಟಕ್ಕೆ ಕೂತವು. ಸಾಲಿಗೆ ಸಾಲೇ ನಿಂತಿತು. ಹಿಂದಿನಿಂದ ಹಾರ್ನಿನ ಸುರಿಮಳೆ.

ಮೊದಲ ಟ್ರ್ಯಾಕ್ಟರಿನಿಂದ ಸಮಾಧಾನ ಎಂಬ ಹುರಿಮೀಸೆಯ ಡ್ರೈವರು ಹಾರಿ ಇಳಿದ. ಹೆಸರಷ್ಟೇ ಸಮಾಧಾನ. "ಯಾಂವಲೇ ಅಂವ, ರಸ್ತಾದಾಗ ಕುರಿ ಬಿಟ್ಟಾಂವ?" ಎಂದು ಬಂದವನಿಗೆ ಎದುರಾದದ್ದು ಹೆಲ್ಮೆಟ್ಟು, ಕಪ್ಪು ಚಷ್ಮಾ, ಅಂಗಿಯೊಳಗಿಂದ ಇಣುಕುವ ಒಂದು ಕುರಿಮರಿ. ಕಾಕಾಸಾಹೇಬರು ಚಷ್ಮಾ ತೆಗೆದರು.

"ಅಯ್ಯ, ಡ್ರೈವರ್ ಕಾಕಾ! ನೀವ ಏನ್ರಿ? ಕುರಿ ಯಾವಾಗ ಸಾಕಿದ್ರಿ?"

"ಮೊದಲ ಆ ಹಾಡ ಬಂದ ಮಾಡೋ!" ಎಂದು ಕಾಕಾಸಾಹೇಬರು ಗರ್ಜಿಸಿದರು. ಆ ರಸ್ತೆಯಲ್ಲಿ ಅಷ್ಟು ವರ್ಷ ಗಂಟಲಲ್ಲೇ ಉಳಿದಿದ್ದ ಮಾತು ಕಡೆಗೂ ಹೊರಬಂತು. ಹಾಡು ನಿಂತಿತು. ಎಂಜಿನ್ನೂ ನಿಂತಿತು. ಅಷ್ಟರಲ್ಲಿ ಮರಿ ಹಸಿವಿನಿಂದ ಅವರ ಗದ್ದ ಚೀಪತೊಡಗಿತು. ಕಚಗುಳಿ ತಾಳಲಾರದೆ ರಸ್ತೆಯ ಆಚೆಯ ಬಯಲಿನಲ್ಲಿ ಅದನ್ನು ಇಳಿಸಿದರು. ತಾಯಿಕುರಿ ಅಲ್ಲಿಗೆ ಹೋಯಿತು. ಅದು ಹೋಯಿತೆಂದು ಹಿಂಡೂ ಬಾಯಲ್ಲಿ ಸೋಗೆ ಕಚ್ಚಿಕೊಂಡು ಹೋಯಿತು. ರಸ್ತೆ ತೆರವಾಯಿತು. ಏದುಸಿರು ಬಿಡುತ್ತ ಬಂದ ಹೊಳೆವ್ವ, "ನಿಲ್ರಿ ಅಂದ್ರ ಓಡ್ತೀರಲ್ರಿ!" ಎಂದು ಬೈಯಲು ಹೋಗಿ ಬಂಡೆಗೆ ಒರಗಿ ನಗತೊಡಗಿದಳು. ಸಮಾಧಾನನೂ ನಕ್ಕ. ಹಾಡು ಹಚ್ಚದೆಯೇ ಹೊರಟ, ಕನಿಷ್ಠ ತಿರುವಿನ ತನಕ.

ಮನೆ ಮುಟ್ಟಿದಾಗ ಹೊತ್ತು ಮುಳುಗಿತ್ತು. ಕಾಶಿಬಾಯಿ ಬಾಗಿಲಲ್ಲೇ ನಿಂತಿದ್ದಳು. ಗಂಡ ಬರಲೆಂದು ಕಾಯುತ್ತ ಆಕೆಯೂ ಉಂಡಿರಲಿಲ್ಲ. ಇಬ್ಬರಿಗೂ ಉಪವಾಸ. "ಎಲ್ಲಿ ಹೋಗಿದ್ರಿ? ಅಂಗಿಗೆಲ್ಲಾ ಏನಿದು ವಾಸನಿ?" ಎಂದು ಸಿಟ್ಟಿನಿಂದ ಶುರು ಮಾಡಿದವಳು ಕತೆ ಟಗರಿನ ಹಣೆಗೆ ಬರುವಷ್ಟರಲ್ಲಿ ಸೆರಗು ಬಾಯಿಗಿಟ್ಟುಕೊಂಡಳು. ಸೋಗೆಯ ಊಟಕ್ಕೆ ಬಂದಾಗ ಕಣ್ಣಲ್ಲಿ ನೀರು. ನಗು ಇಳಿದ ಮೇಲೆ ಕಣ್ಣೊರೆಸಿಕೊಂಡು, "ಲಗ್ನಾ ಆಗಿ ಈ ಊರಿಗೆ ಬಂದಾಗಿಂದ ಹೊಳಿ ಸೇತುವಿ ಮ್ಯಾಲಿಂದನ ನೋಡೇನಿ. ಆ ದಾರಿ ನನಗೂ ತೋರಸ್ರಿ," ಎಂದಳು.

ಮರುದಿನ ಊಟವನ್ನು ಬೇಗನೆ ಮುಗಿಸಿ ಇಬ್ಬರೂ ಇಳಿದರು. ಕಾಕಾಸಾಹೇಬರು ಸೈಕಲ್ಲನ್ನು ಕೈಯಲ್ಲಿ ಹಿಡಿದು ನಡೆದರು. ಕಾಶಿಬಾಯಿ ಪ್ರತಿ ಪೊಟರೆಯ ಕೆಳಗೆ ನಿಂತು ಗಿಳಿಗಳನ್ನು ಮಾತಾಡಿಸಿದಳು, ಚಪ್ಪಲಿ ಬಿಟ್ಟು ನೀರಿಗೆ ಪಾದ ಇಳಿಬಿಟ್ಟಳು. ಹೊಳೆವ್ವ ಬಂದು ಪಕ್ಕದಲ್ಲಿ ಕಂಬಳಿ ಹಾಸಿದಳು. ಹೆಂಗಸರಿಬ್ಬರೂ ಮಾತಿಗೆ ಕೂತರು. ಅವತ್ತು ಯಾಕೋ ಯಾರೂ ಗಂಟು ಕೊಡಲಿಲ್ಲ.

"ನೀವು ಹೋಗ್ ಬರ್ರಿ," ಎಂದಳು ಕಾಶಿಬಾಯಿ.

ಕಾಕಾಸಾಹೇಬರು ಹೊರಟರು. ದಾರಿ ಪೂರಾ ಖಾಲಿ. ಮುಂದೆ ಯಾರಿಲ್ಲ, ಹಿಂದೆ ಯಾರಿಲ್ಲ, ಬನ್ನಿಗಿಡದ ಕೆಳಗೂ ಯಾರಿಲ್ಲ. ಗರಸಿನ ಸದ್ದು, ನೀರಿನ ಸದ್ದು, ತಮ್ಮದೇ ಉಸಿರು. ಹಳ್ಳದ ತನಕ ಹೀಗೇ ಹೋಗಬಹುದಿತ್ತು. ಅಷ್ಟರಲ್ಲಿ ದಂಡೆಯ ಗೋಡೆಗೆ ತಾಗಿ ಹೆಂಗಸರ ನಗು ತೇಲಿಬಂತು. ಒಂದು ಸಲ ನಿಂತು ಮತ್ತೆ ಬಂತು, ಇನ್ನೂ ಜೋರಾಗಿ. ಏನು ಹೇಳಿಕೊಂಡು ನಗುತ್ತಿರಬಹುದು? ಕಾಕಾಸಾಹೇಬರು ಬಲಗೈ ಚಾಚಿ, ಸೈಕಲ್ಲನ್ನು ಪೂರ್ತಿ ತಿರುಗಿಸಿ, ನಗು ಮುಗಿಯುವುದರೊಳಗೆ ಮುಟ್ಟಬೇಕೆಂದು ಜೋರಾಗಿ ತುಳಿಯತೊಡಗಿದರು.